ಕಾಲ್ ಸ್ಲಿಪ್ಪಿಗೊಂದು ಸೈನ್ ಹಾಕ್ರಿ ಸಾರ್

"ಅಣ್ಣಾ ಸಿಸ್ಟಮ್ ಆನೇ ಆಗ್ತಿಲ್ಲ, ಜಲ್ದಿ ಬರ್ರಿ, ಹನ್ನೊಂದಕ್ಕೆ ಸಾಹೇಬ್ರದ್ದು ವಿಡಿಯೋ ಕಾನ್ಫರೆನ್ಸ್ ಐತಿ." ಬೆಳಗ್ಗೆ ಹತ್ತೂವರೆಗೆ ಇಂಥದೊಂದು ಫೋನ್ ಬರದೇ ಇದ್ರೆ ಅವತ್ತು ಸರ್ಕಾರಿ ರಜೆ ಅಂತಲೇ ಲೆಕ್ಕ. ದಾವಣಗೆರೆಲಿ ಕಂಪ್ಯೂಟರ್ ಸೇಲ್ಸ್ ಅಂಡ್ ಸರ್ವಿಸ್ ಅಂಗಡಿ ಹಾಕಿ 18 ವರ್ಷ ಆಯ್ತು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಸರ್ಕಾರಿ ಆಫೀಸುಗಳದ್ದೇ, ಇಲ್ಲಿಂದ ಹರಿಹರ, ಜಗಳೂರು, ಆ ಕಡೆ ಚಿತ್ರದುರ್ಗ, ಚಳ್ಳಕೆರೆ ತನಕ ಬ್ಯಾಗ್ ಹಾಕ್ಕೊಂಡು ಓಡಾಡಿದೀನಿ.

ಆಫೀಸಿನೋರು ನಮ್ಮನ್ನ ಬೈಯೋದು ಎರಡೇ ಮಾತಿಗೆ, ಕರೆದ್ರೆ ಬರಲ್ಲ, ಬಂದ್ರೆ ಬಿಲ್ ಹಾಕ್ತಾನೆ. ನಾವು ಅವರನ್ನ ಬೈಯೋದು ಒಂದೇ ಮಾತಿಗೆ, ದುಡ್ಡು ಕೊಡಲ್ಲ. ಮೂರೂ ನಿಜಾನೇ. ಆದ್ರೆ ನಾನು ನೋಡಿದ ಹಾಗೆ ಜಗಳದ ಬೇರು ದುಡ್ಡಲ್ಲೂ ಇಲ್ಲ ಸೋಮಾರಿತನದಲ್ಲೂ ಇಲ್ಲ, ಎಲ್ಲಾ ಫೋನ್ ಮೇಲೇ ನಡೆಯುತ್ತಲ್ಲ, ಕಾಗದದ ಮೇಲೆ ಏನೂ ಇರಲ್ವಲ್ಲ, ಅದ್ರಲ್ಲಿದೆ. ಫೋನ್ ಮಾಡಿದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಮುಂದಿನ ಜೂನಲ್ಲಿ ಟ್ರಾನ್ಸ್‌ಫರ್ ಆಗ್ತಾರೆ, ಹೊಸದಾಗಿ ಬಂದೋರು "ಇದು ನಮ್ಮ ಟೈಮಿಂದಲ್ಲ ಬಿಡ್ರಿ" ಅಂತಾರೆ, ಅಲ್ಲಿಗೆ ನಾವು ಹಾಕಿದ ಎರಡು ರ‍್ಯಾಮು ಒಂದು ಎಸ್‌ಎಂಪಿಎಸ್ಸು (ಸಿಸ್ಟಮ್ಮಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬ) ಕೃಷ್ಣಾರ್ಪಣ.

ಮೊದಲು ಎಎಂಸಿ, ಅಂದ್ರೆ ವರ್ಷದ ರಿಪೇರಿ ಗುತ್ತಿಗೆ, ಅದು ಏನು ಅಂತ ತಿಳ್ಕೊಳ್ಳಿ, ಯಾಕಂದ್ರೆ ಎಎಂಸಿ ಕೊಟ್ಟಿದೀವಿ ಅಂದ್ರೆ ಎಲ್ಲಾ ಫ್ರೀ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಕಾಂಪ್ರಹೆನ್ಸಿವ್ ಅಂತ ಇದ್ರೆ ಪಾರ್ಟ್ಸ್ ಸೇರಿ ನಮ್ಮ ಜವಾಬ್ದಾರಿ, ನಾನ್ ಕಾಂಪ್ರಹೆನ್ಸಿವ್ ಅಂದ್ರೆ ಬರೀ ಕೈಕೆಲಸ, ಪಾರ್ಟ್ಸಿಗೆ ಬೇರೆ ಬಿಲ್. ಕಾಂಪ್ರಹೆನ್ಸಿವ್ ಇದ್ರೂ ಟೋನರ್, ಯುಪಿಎಸ್ ಬ್ಯಾಟರಿ ಸಾಮಾನ್ಯವಾಗಿ ಸೇರಿರಲ್ಲ. ಪ್ರಿಂಟರಿನ ಟೆಫ್ಲಾನ್ (ಟೋನರ್ ಪುಡಿನ ಬಿಸಿಗೆ ಕಾಗದಕ್ಕೆ ಅಂಟಿಸೋ ಕಡೆ ಇರೋ ತೆಳು ಪದರ) ಹರಿದ್ರೆ ಯಾರದ್ದು ಅಂತ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ, ನಮ್ಮ ನಿಮ್ಮ ಅರ್ಧ ಜಗಳ ಆ ಟೆಫ್ಲಾನಿಂದಾನೇ.

ಈಗ ಸ್ಲಿಪ್ಪಿನ ವಿಷಯಕ್ಕೆ ಬರ್ತೀನಿ. ನಾವು ಬಂದಾಗೆಲ್ಲ ಒಂದು ಸರ್ವಿಸ್ ಕಾಲ್ ಸ್ಲಿಪ್ ಬರೀತೀವಿ, ಯಾವ ಮಷಿನ್ನು, ಸೀರಿಯಲ್ ನಂಬರ್ ಏನು, ಯಾವ ರೂಮು, ಏನಾಗಿತ್ತು, ಏನು ಹಾಕಿದ್ವಿ, ಹಳೇ ಪಾರ್ಟ್ ಯಾರ ಕೈಗೆ ಕೊಟ್ವಿ. ಅದಕ್ಕೊಂದು ಸೈನು, ಆಫೀಸ್ ಸೀಲು. ಆಫೀಸಿನೋರು ಇದನ್ನ ವೆಂಡರು ಬಿಲ್ ಎತ್ತೋಕೆ ಮಾಡ್ಕೊಳ್ಳೋ ಕಾಗದ ಅಂತ ನೋಡ್ತಾರೆ, "ಆಮೇಲೆ ಹಾಕ್ತೀನಿ ಇಟ್ಟು ಹೋಗ್ರಿ" ಅಂತಾರೆ, ಆ ಆಮೇಲೆ ಬರೋದೇ ಇಲ್ಲ.

ಚಳ್ಳಕೆರೆ ಕಡೆ ಒಂದು ಆಫೀಸಲ್ಲಿ ಏನಾಯ್ತು ಅಂದ್ರೆ, ಬೇಸಿಗೆ ಬಂದ್ರೆ ಸಾಕು ಎಸ್‌ಎಂಪಿಎಸ್ ಸುಡ್ತಿತ್ತು, ಬದಲಾಯ್ಸಿ ಬಂದು ಹದಿನೈದು ದಿನಕ್ಕೆ ಮತ್ತೆ ಫೋನ್. ಅಲ್ಲಿನ ಮ್ಯಾನೇಜರ್ ಮೇಡಂ ಮುಖಕ್ಕೇ ಅಂದ್ಬಿಟ್ರು, "ನೀವು ಡೂಪ್ಲಿಕೇಟ್ ಮಾಲ್ ಹಾಕ್ತೀರಿ, ಮುಂದಿನ ವರ್ಷ ಎಎಂಸಿ ಬೇರೆಯವರಿಗೆ ಕೊಡ್ತೀವಿ." ಬೇಜಾರಾಯ್ತು, ಅಂಗಡಿಗೆ ಬಂದು ಆ ಆಫೀಸಿನ ಸ್ಲಿಪ್ಪೆಲ್ಲ ಟೇಬಲ್ ಮೇಲೆ ಹರವಿದೆ. ನಾಲ್ಕು ತಿಂಗಳಲ್ಲಿ ಏಳು ಎಸ್‌ಎಂಪಿಎಸ್, ಆರು ಒಂದೇ ರೂಮಿಂದು, ರೆಕಾರ್ಡ್ ರೂಮಿನ ಪಕ್ಕದ್ದು, ಬೇರೆ ಬೇರೆ ಮಷಿನ್ನು ಬೇರೆ ಬೇರೆ ಕಂಪನಿದು. ಅಂದ್ರೆ ಮಾಲಿಂದು ತಪ್ಪಲ್ಲ, ಗೋಡೆದು ತಪ್ಪು.

ಮಾರನೇ ದಿನ ಮಲ್ಟಿಮೀಟರ್ ತಗೊಂಡು ಹೋದೆ. ಪ್ಲಗ್ ಪಾಯಿಂಟಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ 230 ವೋಲ್ಟಿನ ಆಸುಪಾಸು ಇರ್ಬೇಕು, ಅದಿತ್ತು. ನ್ಯೂಟ್ರಲ್‌ಗೂ ಅರ್ತ್‌ಗೂ ಮಧ್ಯೆ 3 ವೋಲ್ಟ್ ಒಳಗಿದ್ರೆ ಒಳ್ಳೇದು ಅಂತ ನಮ್ಮ ಫೀಲ್ಡಲ್ಲಿ ಎಲ್ರೂ ನೋಡ್ತೀವಿ, ಅಲ್ಲಿ 28 ತೋರಿಸ್ತು. ಹಿಂದುಗಡೆ ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಹುಡುಕಿದ್ರೆ ಜಾಲಿ ಗಿಡದ ಸಂದೀಲಿ, ಮುಚ್ಚಳ ಇಲ್ಲ, ತಂತಿ ತುಕ್ಕು ಹಿಡಿದು ದಾರದಂಗೆ ಆಗಿತ್ತು, ಮಣ್ಣು ಕೈಲಿ ಹಿಡಿದ್ರೆ ಪುಡಿಪುಡಿ ಉದುರ್ತಿತ್ತು. ಆ ಕಡೆ ಮಳೆ ಎಷ್ಟು ಕಮ್ಮಿ ಅಂತ ಗೊತ್ತಲ್ಲ, ಮಣ್ಣಲ್ಲಿ ಪಸೆ ಇಲ್ಲ ಅಂದ್ರೆ ಅರ್ತ್ ಕೆಲಸ ಮಾಡಲ್ಲ, ಬೋರ್ಡಲ್ಲಿ ಮೂರನೇ ತೂತು ಇದೆ ಅಂತ ಅರ್ತಿಂಗ್ ಇದೆ ಅಂದ್ಕೊಂಡ್ರೆ ಅಷ್ಟೇ ಕಥೆ. ಎಲೆಕ್ಟ್ರಿಷಿಯನ್ ಕರೆಸಿ ಗುಂಡಿ ತೆಗೆಸಿ ಇದ್ದಿಲು ಉಪ್ಪು ತುಂಬಿಸಿ ತಾಮ್ರದ ತಂತಿ ಎಳೆಸಿದ್ರು, ವಾರಕ್ಕೆ ಎರಡು ಕೊಡ ನೀರು ಹಾಕೋದು ಅಟೆಂಡರ್ ಪಾಲಿಗೆ ಬಂತು. ಆಮೇಲೆ ಅಳೆದ್ರೆ 2 ವೋಲ್ಟೂ ಇಲ್ಲ. ಎರಡು ಬೇಸಿಗೆ ಹೋಯ್ತು, ಆ ರೂಮಲ್ಲಿ ಸುಟ್ಟಿದ್ದು ಒಂದೇ ಒಂದು. ಮೇಡಂ ಸಾರಿ ಏನೂ ಹೇಳ್ಲಿಲ್ಲ, ಟೀ ತರಿಸಿದ್ರು, ಅದೇ ದೊಡ್ಡದು.

ಸ್ಲಿಪ್ ಇಲ್ದಿದ್ರೆ ಆ ಆರು ಒಂದೇ ರೂಮಿಂದು ಅಂತ ನಂಗೂ ಹೊಳೀತಿರ್ಲಿಲ್ಲ, ಯಾಕಂದ್ರೆ ಪ್ರತಿ ಸಲ ಹೋದೋನು ಬೇರೆ ಹುಡುಗ.

ವಾರಂಟಿದೂ ಇದೇ ಹಣೆಬರಹ. ಮಾರ್ಚ್ ಎಂಡಿಗೆ ಗ್ರಾಂಟ್ ಲ್ಯಾಪ್ಸ್ ಆಗುತ್ತೆ ಅಂತ ಗಡಿಬಿಡೀಲಿ ಹತ್ತು ಸಿಸ್ಟಮ್ ತರಿಸ್ತೀರಿ, ಟೇಬಲ್ ಇಲ್ಲ, ಪಾಯಿಂಟ್ ಇಲ್ಲ ಅಂತ ಡಬ್ಬ ಒಡೆಯೋದು ದಸರಾ ಹೊತ್ತಿಗೆ. ಕಂಪನಿ ಲೆಕ್ಕದಲ್ಲಿ ಮೂರು ವರ್ಷದ ವಾರಂಟಿ ಡಬ್ಬ ಒಡೆದ ದಿನದಿಂದ ಓಡಲ್ಲ ಸಾರ್, ಮಾಲ್ ಹೊರಟ ದಿನಾನೋ ಇನ್‌ವಾಯ್ಸ್ ದಿನಾನೋ ಶುರುವಾಗಿರುತ್ತೆ, ಆರು ತಿಂಗಳು ಸ್ಟೋರ್ ರೂಮಲ್ಲೇ ಕರಗೋಯ್ತು. ಮಾಲ್ ಬಂದ ದಿನಾನೇ ಸೀರಿಯಲ್ ನಂಬರ್ ಡೆಡ್‌ಸ್ಟಾಕ್ ರಿಜಿಸ್ಟರಲ್ಲಿ (ಆಫೀಸಿನ ಸಾಮಾನಿನ ಲೆಕ್ಕದ ಪುಸ್ತಕ) ಬರ್ಕೊಂಡು ಕಂಪನಿ ವೆಬ್‌ಸೈಟಲ್ಲಿ ಹಾಕಿ ನೋಡಿ, ವಾರಂಟಿ ಯಾವತ್ತಿನ ತನಕ ಅಂತ ತೋರಿಸುತ್ತೆ. ತಪ್ಪಿದ್ರೆ ಆವಾಗ್ಲೇ ನಮ್ಮನ್ನ ಹಿಡ್ಕೊಳ್ಳಿ, ಸರಿ ಮಾಡಿಸ್ತೀವಿ, ಎರಡು ವರ್ಷ ಬಿಟ್ಟು ಕೇಳಿದ್ರೆ ಆಗಲ್ಲ. ಇನ್ನೊಂದು, ಬ್ರ್ಯಾಂಡೆಡ್ ಸಿಸ್ಟಮ್ಮಿಗೆ ಆನ್‌ಸೈಟ್ ವಾರಂಟಿ ಇದ್ರೆ ಕಂಪನಿ ಟೋಲ್ ಫ್ರೀಗೆ ನೀವೇ ಕಾಲ್ ಬುಕ್ ಮಾಡಬಹುದು, ನನ್ನನ್ನ ಕಾಯ್ಬೇಕಾಗಿಲ್ಲ.

ದುಡ್ಡಿನ ವಿಷಯ. ಕೊಟೇಶನ್ ಮೂರು ಬೇಕು ಅಂತಾರೆ, ಆ ಮೂರೂ ಎಷ್ಟೋ ಸಲ ಒಂದೇ ಅಂಗಡಿ ಪ್ರಿಂಟರಲ್ಲಿ ಹೊರಗೆ ಬರುತ್ತೆ ಅಂತ ಊರಿಗೇ ಗೊತ್ತು, ಅದನ್ನ ಇಲ್ಲಿ ಬೆಳೆಸಲ್ಲ. ಬಿಲ್ ನಿಲ್ಲೋದು ಬಹಳ ಸಲ ಸಣ್ಣ ಕಾರಣಕ್ಕೆ, ದಾಸ್ತಾನು ವಹಿಯ ಪುಟ ನಂಬರ್ ಬಿಲ್ ಹಿಂದುಗಡೆ ಬರೆದಿರಲ್ಲ, ಇನ್‌ಸ್ಟಾಲೇಶನ್ ರಿಪೋರ್ಟ್ ಇಟ್ಟಿರಲ್ಲ, ಇಲ್ಲಾ ಸರ್ಕಾರದ ಬಿಲ್ ಪಾವತಿ ಸಾಫ್ಟ್‌ವೇರ್ ಖಜಾನೆ-2ರಲ್ಲಿ ನಮ್ಮ ಹೆಸರು ಒಂಥರಾ ಬ್ಯಾಂಕಲ್ಲಿ ಒಂಥರಾ. 2.5 ಲಕ್ಷ ದಾಟಿದ ಕಾಂಟ್ರ್ಯಾಕ್ಟಿಗೆ 2018ರ ಅಕ್ಟೋಬರಿಂದ 2% ಜಿಎಸ್‌ಟಿ ಟಿಡಿಎಸ್ (ಬಿಲ್ಲಲ್ಲೇ ಮುರಿದುಕೊಳ್ಳೋ ತೆರಿಗೆ) ಹಿಡೀತಾರೆ, ಹಿಡೀಲಿ, ಆದ್ರೆ ಮುಂದಿನ ತಿಂಗಳು 10ನೇ ತಾರೀಕೊಳಗೆ ಆಫೀಸಿನೋರು ಅದರ ರಿಟರ್ನ್ ಜಿಎಸ್‌ಟಿಆರ್-7 ಫೈಲ್ ಮಾಡ್ಬೇಕು, ಅದು ಮಾಡಲ್ಲ, ಆ ದುಡ್ಡು ನಮ್ಮ ಲೆಕ್ಕಕ್ಕೆ ಕಾಣೋದೇ ಇಲ್ಲ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ) ಇರೋ ಸಣ್ಣ ಸರ್ವಿಸ್‌ನೋರಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಲಿ ಇದೆ, ತಡ ಮಾಡಿದ್ರೆ ಬಡ್ಡೀನೂ ಉಂಟು. ನಾನು ಒಂದ್ಸಲಾನೂ ಕೇಳಿಲ್ಲ. ಬಡ್ಡಿ ಕೇಳಿದ್ರೆ ಮುಂದಿನ ವರ್ಷ ಕೊಟೇಶನ್ನೇ ಕೇಳಲ್ಲ, ಊರು ಸಣ್ಣದು.

ಈಗ ಎಲ್ಲಾ ಆಫೀಸಿಂದು ಒಂದೇ ಪ್ರಶ್ನೆ, ವಿಂಡೋಸ್ 10ಕ್ಕೆ ಸಪೋರ್ಟ್ ನಿಂತೋಯ್ತಂತೆ, ಎಲ್ಲಾ ಸಿಸ್ಟಮ್ ಬದಲಾಯ್ಸಬೇಕಾ ಅಂತ. 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ. ಎಲ್ಲಾ ಬದಲಾಯ್ಸಿ ಅಂದ್ರೆ ನನಗೇ ವ್ಯಾಪಾರ, ಆದ್ರೂ ಮೊದಲು ಪಟ್ಟಿ ಮಾಡಿ. ಪ್ರೊಸೆಸರ್ ಇಂಟೆಲ್ ಆದ್ರೆ 8ನೇ ಜನರೇಶನ್ನು ಅದರ ಮೇಲಿಂದು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇದ್ರೆ ವಿಂಡೋಸ್ 11ಕ್ಕೆ ಹೋಗುತ್ತೆ, ಸ್ಲೋ ಅನ್ಸಿದ್ರೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಜೋರಾಗಿ ಓಡೋ ಎಸ್‌ಎಸ್‌ಡಿ ಹಾಕಿದ್ರೆ ಮುಗೀತು. ಹೊಸದು ತಗೊಳ್ಳೋದಾದ್ರೂ ಇಂಡೆಂಟಲ್ಲಿ (ಬೇಡಿಕೆ ಪಟ್ಟಿ) ಪ್ರೊಸೆಸರ್ ಬರೀ ಐ5 ಅಂತ ಬರೀಬೇಡಿ, ಯಾವ ಜನರೇಶನ್ ಅಂತ ಬರೀರಿ, ಇಲ್ಲಾಂದ್ರೆ ಯಾರೋ ಗೋಡೌನಲ್ಲಿದ್ದ ಹಳೇ ಐ5 ತಂದು ಇಳಿಸ್ತಾರೆ, ಅದೂ ಐ5ಏ, ನೀವು ಬೇಡ ಅನ್ನೋಕಾಗಲ್ಲ.

ಹೋದ ವಾರ ದಾವಣಗೆರೆಲೇ ಒಂದು ಆಫೀಸಿನ ಕೇಸ್ ವರ್ಕರು ಹನ್ನೊಂದು ಸಿಸ್ಟಮ್ಮಿಗೆ ಕೊಟೇಶನ್ ಕೊಡ್ರಿ ಅಂದ್ರು. ಅವರ ಹತ್ರ ಸ್ಲಿಪ್ಪಿನ ಫೈಲು ನೀಟಾಗಿತ್ತು, ಕೂತು ಅರ್ಧ ಗಂಟೇಲಿ ನೋಡಿದ್ವಿ, ಆರು ಮಷಿನ್ನು ಹಂಗೇ ನಡೀತಾವೆ. ಐದಕ್ಕೆ ಬರ್ಕೊಟ್ಟು ಬಂದೆ.