ಪತ್ನಿ ಅರ್ಹತೆ: ಗಂಡನ ಆಸ್ತಿಗೆ ಹೆಂಡತಿಯ ಮತ

1935ರ ಭಾರತ ಸರ್ಕಾರ ಕಾಯ್ದೆಯ ಆರನೆಯ ಅನುಸೂಚಿ ಓದಲು ಬೇಸರ ತರಿಸುವ ದಸ್ತಾವೇಜು. ಯಾವ ಪ್ರಾಂತ್ಯದಲ್ಲಿ ಯಾರಿಗೆ ಮತ ಎಂಬುದನ್ನು ಕಂದಾಯ, ಮನೆ ಬಾಡಿಗೆ, ತೆರಿಗೆ, ಓದು, ಸೈನ್ಯದ ಸೇವೆ ಎಂದು ಪುಟಗಟ್ಟಲೆ ಲೆಕ್ಕ ಹಾಕಿದ್ದಾರೆ. ಆ ಲೆಕ್ಕದ ನಡುವೆ ಹೆಂಗಸರಿಗೆಂದೇ ಇಟ್ಟ ಒಂದು ನಿಯಮವಿದೆ: ಗಂಡನಿಗೆ ಇಂತಿಷ್ಟು ಆಸ್ತಿಯಿದ್ದರೆ ಅವನ ಹೆಂಡತಿಯೂ ಮತದಾರಳು. ಇದೇ ಪತ್ನಿ ಅರ್ಹತೆ. ಭಾರತದ ಮಹಿಳಾ ಮತಾಧಿಕಾರ ಹೋರಾಟದಲ್ಲಿ ನಾಯಕಿಯರು ಸರ್ಕಾರದೊಡನೆಯೂ ತಮ್ಮತಮ್ಮಲ್ಲೂ ಅತಿ ಹೆಚ್ಚು ಜಗಳವಾಡಿದ್ದು ಈ ಒಂದು ವಿಷಯಕ್ಕೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಹೆಂಗಸಿನ ಹೆಸರಿನಲ್ಲೇ ಜಮೀನಿದ್ದು ಅವಳೇ ಕಂದಾಯ ಕಟ್ಟುತ್ತಿದ್ದರೆ ಸಿಗುತ್ತಿದ್ದ ಮತ ಪತ್ನಿ ಅರ್ಹತೆಯಲ್ಲ, ಅದು ಆಸ್ತಿ ಅರ್ಹತೆ. ಓದುಬರಹ ಬರುತ್ತದೆಂದು ತೋರಿಸಿ ಪಡೆಯುತ್ತಿದ್ದದ್ದು ಸಾಕ್ಷರತೆಯ ಅರ್ಹತೆ. ಸೈನಿಕ ಮಗನನ್ನೋ ಗಂಡನನ್ನೋ ಕಳೆದುಕೊಂಡು ಪಿಂಚಣಿ ಪಡೆಯುತ್ತಿದ್ದ ತಾಯಿ ಅಥವಾ ವಿಧವೆಗೆ ಬೇರೆಯೇ ಅವಕಾಶವಿತ್ತು. ಪತ್ನಿ ಅರ್ಹತೆಯಲ್ಲಿ ಮಾತ್ರ ಹೆಂಗಸಿನ ಆಸ್ತಿ, ಓದು, ದುಡಿಮೆ ಯಾವುದೂ ಲೆಕ್ಕಕ್ಕಿಲ್ಲ. ಮದುವೆಯಾಗಿದೆಯೇ, ಯಾರ ಜೊತೆ ಆಗಿದೆ, ಅವನು ಎಷ್ಟು ಕಟ್ಟುತ್ತಾನೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮುಗಿಯಿತು.

ಈ ಯೋಚನೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ 1918ರ ಕಾಯ್ದೆ ಮೂವತ್ತು ತುಂಬಿದ ಹೆಂಗಸರಿಗೆ ಮತ ಕೊಟ್ಟಾಗ, ಅವರು ಸ್ವತಃ ಮನೆಯನ್ನೋ ವರ್ಷಕ್ಕೆ ಕನಿಷ್ಠ ಐದು ಪೌಂಡ್ ಮೌಲ್ಯದ ಜಾಗವನ್ನೋ ಹೊಂದಿರಬೇಕು, ಇಲ್ಲವೇ ಹಾಗೆ ಹೊಂದಿದವನ ಹೆಂಡತಿಯಾಗಿರಬೇಕು ಎಂದು ಷರತ್ತು ಹಾಕಿತು. ಸುಮಾರು 84 ಲಕ್ಷ ಹೆಂಗಸರು ಒಮ್ಮೆಗೇ ಮತದಾರರಾದರು. ಹತ್ತೇ ವರ್ಷದಲ್ಲಿ, 1928ರಲ್ಲಿ, ಗಂಡಸರಂತೆಯೇ ಇಪ್ಪತ್ತೊಂದು ವರ್ಷಕ್ಕೆ ಎಲ್ಲರಿಗೂ ಮತ ಬಂತು. ಮೊದಲು ಪತ್ನಿಯರಿಗೆ ಕೊಟ್ಟರೆ ಮಿಕ್ಕವರಿಗೆ ದಾರಿ ತಾನಾಗಿ ತೆರೆಯುತ್ತದೆ ಎಂಬ ನಂಬಿಕೆ ಬ್ರಿಟಿಷ್ ಮತಾಧಿಕಾರವಾದಿಗಳಲ್ಲಿ ಬೇರೂರಿದ್ದು ಈ ಅನುಭವದಿಂದ. ಸಂಸದೆ ಎಲೀನರ್ ರಾಥ್‌ಬೋನ್ ಭಾರತಕ್ಕೂ ಇದೇ ಸರಿ ಎಂದು ಪಟ್ಟುಹಿಡಿದವರು. 1932ರಲ್ಲಿ ಇಲ್ಲಿಗೇ ಬಂದು ಮಹಿಳಾ ಸಂಘಟನೆಗಳನ್ನು ಒಪ್ಪಿಸಲು ಓಡಾಡಿದರು.

ಭಾರತದಲ್ಲಿ ಬೇಡಿಕೆ ಶುರುವಾದದ್ದು ಬೇರೆ ರೀತಿಯಲ್ಲಿ. 1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಎಡ್ವಿನ್ ಮಾಂಟೆಗು ಮದರಾಸಿಗೆ ಬಂದಾಗ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಹೆಂಗಸರ ನಿಯೋಗವೊಂದು ಅವರನ್ನು ಕಂಡಿತು. ಐರ್ಲೆಂಡಿನಲ್ಲಿ ಮತಾಧಿಕಾರಕ್ಕಾಗಿ ಹೋರಾಡಿ ಜೈಲು ಕಂಡುಬಂದಿದ್ದ ಮಾರ್ಗರೆಟ್ ಕಸಿನ್ಸ್ ಇದನ್ನು ಕೂಡಿಸಿದವರು. ಅದೇ ವರ್ಷ ಅಡ್ಯಾರಿನಲ್ಲಿ ಹುಟ್ಟಿದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಬೆನ್ನಿಗಿತ್ತು. ಗಂಡಸರಿಗೆ ಯಾವ ಷರತ್ತೋ ಅದೇ ಷರತ್ತು ನಮಗೂ ಇರಲಿ, ಹೆಣ್ಣು ಎಂಬ ಕಾರಣಕ್ಕೆ ತಡೆಯಬೇಡಿ ಎಂಬುದಷ್ಟೇ ಅವರ ಬೇಡಿಕೆ. ಯಾರಿಗೆ ಮತ ಕೊಡಬೇಕೆಂದು ಸರ್ಕಾರಕ್ಕೆ ಸಲಹೆ ಕೊಡಲು ನೇಮಕವಾಗಿದ್ದ ಸೌತ್‌ಬರೋ ಸಮಿತಿ ಇದನ್ನು ತಳ್ಳಿಹಾಕಿತು. ಪರದೆ ಪದ್ಧತಿ, ಸಾಮಾಜಿಕ ಸ್ಥಿತಿ ಇತ್ಯಾದಿ ನೆಪಗಳು. 1919ರಲ್ಲಿ ಸರೋಜಿನಿ ನಾಯ್ಡು, ಆನಿ ಬೆಸೆಂಟ್, ಹೀರಾಬಾಯಿ ಟಾಟಾ, ಅವರ ಮಗಳು ಮಿಠನ್ ಟಾಟಾ ಲಂಡನ್ನಿಗೇ ಹೋಗಿ ವಾದಿಸಿದರು. ಪಾರ್ಲಿಮೆಂಟು ತೀರ್ಮಾನವನ್ನು ಪ್ರಾಂತ್ಯಗಳ ತಲೆಗೆ ಕಟ್ಟಿತು. ಚುನಾವಣಾ ನಿಯಮಗಳಲ್ಲಿ ಹೆಣ್ಣು ಅನರ್ಹಳು ಎಂದೇ ಬರೆದು, ಪ್ರಾಂತ್ಯದ ಕೌನ್ಸಿಲ್ಲು, ಅಂದರೆ ಶಾಸನಸಭೆ, ಕನಿಷ್ಠ ಒಂದು ತಿಂಗಳ ಮುಂಗಡ ನೋಟಿಸು ಕೊಟ್ಟು ನಿರ್ಣಯ ಮಾಡಿದರೆ ಆ ಅನರ್ಹತೆ ತೆಗೆಯಬಹುದು ಎಂದು ಬಿಟ್ಟರು.

ಮದರಾಸು 1921ರಲ್ಲಿ ಮೊದಲು ತೆಗೆಯಿತು, ಮುಂಬಯಿ ಅದೇ ವರ್ಷ ಹಿಂಬಾಲಿಸಿತು. ಅಂದರೆ ಇವತ್ತಿನ ಕರ್ನಾಟಕದ ಕರಾವಳಿ, ಬಳ್ಳಾರಿ, ಧಾರವಾಡ, ಬೆಳಗಾವಿ, ವಿಜಾಪುರ ಭಾಗಗಳ ಆಸ್ತಿವಂತ ಹೆಂಗಸರಿಗೆ ಆಗಲೇ ಮತ ಬಂದಿತ್ತು. ಬಂಗಾಳದಲ್ಲಿ 1921ರಲ್ಲಿ ಸೋತ ನಿರ್ಣಯವನ್ನು ಗೆಲ್ಲಿಸಲು ಕಾಮಿನಿ ರಾಯ್ ಮೊದಲಾದವರ ಬಂಗೀಯ ನಾರೀ ಸಮಾಜ 1925ರವರೆಗೆ ದುಡಿಯಬೇಕಾಯಿತು. ಮತ ಹಾಕುವ ಹಕ್ಕು ಒಂದು, ಚುನಾವಣೆಗೆ ನಿಲ್ಲುವ ಹಕ್ಕು ಇನ್ನೊಂದು. ಎರಡನೆಯದು ತೆರೆದದ್ದು 1926ರಲ್ಲಿ. ಆ ಕೂಡಲೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಕೌನ್ಸಿಲ್ಲಿಗೆ ನಿಂತು ಸ್ವಲ್ಪದರಲ್ಲಿ ಸೋತರು. ಮುತ್ತುಲಕ್ಷ್ಮಿ ರೆಡ್ಡಿ ನಾಮನಿರ್ದೇಶನಗೊಂಡು ಅದೇ ಕೌನ್ಸಿಲ್ಲಿನ ಉಪಾಧ್ಯಕ್ಷರಾದರು.

ಇಷ್ಟೆಲ್ಲ ಆದರೂ ಪಟ್ಟಿಯಲ್ಲಿ ಹೆಂಗಸರು ಹೆಚ್ಚಲಿಲ್ಲ. ಅನರ್ಹತೆ ಹೋಯಿತು, ಆಸ್ತಿಯ ಷರತ್ತು ಉಳಿಯಿತು. ಹೆಂಗಸರ ಹೆಸರಿನಲ್ಲಿ ಜಮೀನು ಎಲ್ಲಿತ್ತು? ಇಡೀ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳಲ್ಲಿ ಸುಮಾರು ಮೂರು ಲಕ್ಷ ಹೆಂಗಸರಷ್ಟೇ ಮತದಾರರು, ಇಪ್ಪತ್ತು ಗಂಡಸರಿಗೆ ಒಬ್ಬ ಹೆಂಗಸಿನ ಲೆಕ್ಕ. ಈ ಗುಂಡಿಯನ್ನು ತುಂಬಲು ಅಧಿಕಾರಿಗಳಿಗೆ ಹೊಳೆದ ಸುಲಭ ಉಪಾಯವೇ ಗಂಡನ ಆಸ್ತಿ. ಭಾರತದ ಆಡಳಿತ ಸುಧಾರಣೆ ಪರಿಶೀಲಿಸಿದ ಸೈಮನ್ ಆಯೋಗದ 1930ರ ವರದಿ ಇದನ್ನು ಶಿಫಾರಸು ಮಾಡಿತು. ಮತಾಧಿಕಾರದ ವಿಷಯಕ್ಕೆಂದೇ ನೇಮಿಸಿದ 1932ರ ಲೋಥಿಯನ್ ಸಮಿತಿ ಗಟ್ಟಿ ಮಾಡಿತು.

ಲೋಥಿಯನ್ ಸಮಿತಿಯಲ್ಲಿದ್ದ ಭಾರತೀಯ ಮಹಿಳೆ ರಾಧಾಬಾಯಿ ಸುಬ್ಬರಾಯನ್. ಅವರೂ ಮಂಗಳೂರಿನವರು, ದಲಿತರ ಶಿಕ್ಷಣಕ್ಕೆ ಬದುಕು ಸವೆಸಿದ ಕುದ್ಮುಲ್ ರಂಗರಾಯರ ಮಗಳು. ಬೇಗಂ ಷಾ ನವಾಜ್ ಜೊತೆ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದರು. ಷರತ್ತಿನ ಮತವಾದರೂ ಸರಿ, ಮೊದಲು ಹೆಂಗಸರ ಸಂಖ್ಯೆ ಏರಲಿ, ಶಾಸನಸಭೆಯಲ್ಲಿ ಮೀಸಲು ಸ್ಥಾನವಿರಲಿ ಎಂಬುದು ಅವರ ದಾರಿ. ಕಮಲಾದೇವಿ ಸಂಘಟನಾ ಕಾರ್ಯದರ್ಶಿಯಾಗಿ ಕಟ್ಟಿ ಬೆಳೆಸಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಇದಕ್ಕೆ ಎದುರು ನಿಂತಿತು. 1931ರಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ವಯಸ್ಕ ಮತದಾನಕ್ಕೆ ಒಪ್ಪಿದ ಬೆನ್ನಲ್ಲೇ ಮೂರು ದೊಡ್ಡ ಮಹಿಳಾ ಸಂಘಟನೆಗಳು ಸೇರಿ ಒಂದು ಮನವಿ ಬರೆದವು: ವಯಸ್ಸಿಗೆ ಬಂದ ಎಲ್ಲರಿಗೂ ಮತ ಬೇಕು, ಮೀಸಲು ಬೇಡ, ನಾಮನಿರ್ದೇಶನ ಬೇಡ. ಪಟ್ಟಿಯಲ್ಲಿ ಹೆಂಗಸರು ಲಕ್ಷಗಟ್ಟಲೆ ಹೆಚ್ಚುತ್ತಾರೆ ಎಂದು ಗೊತ್ತಿದ್ದೇ ಅವರು ಪತ್ನಿ ಅರ್ಹತೆ ಬೇಡ ಎಂದದ್ದು.

ಅವರ ಆಕ್ಷೇಪಗಳನ್ನು ಬರೀ ಆತ್ಮಗೌರವದ ಮಾತು ಎಂದು ತಳ್ಳಿಹಾಕುವುದು ತಪ್ಪು. ಅದರಲ್ಲಿ ಲೆಕ್ಕಾಚಾರವೂ ಇತ್ತು. ಮದುವೆಯಾಗದವಳು, ಗಂಡ ಬಿಟ್ಟವಳು, ಬಡವನ ಹೆಂಡತಿ ಎಲ್ಲರೂ ಹೊರಗುಳಿಯುತ್ತಾರೆ. ಆಸ್ತಿವಂತನ ಮನೆಯಲ್ಲಿ ಒಂದಿದ್ದ ಮತ ಎರಡಾಗುತ್ತದೆ, ಕೂಲಿಯವನ ಮನೆಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಹೆಂಡತಿಯ ಮತ ಗಂಡನ ಜೇಬಿನ ಮತವಾಗುವ ಭಯ ಬೇರೆ. ರಾಜಕುಮಾರಿ ಅಮೃತ ಕೌರ್, ಮುತ್ತುಲಕ್ಷ್ಮಿ ರೆಡ್ಡಿ, ಷರೀಫಾ ಹಮೀದ್ ಅಲಿ 1933ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಜಂಟಿ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದಾಗ ಪೂರ್ಣ ವಯಸ್ಕ ಮತದಾನ ಕೂಡಲೇ ಸಿಗದು ಎಂಬುದು ಸ್ಪಷ್ಟವಾಗಿತ್ತು. ಆ ಹೊತ್ತಿಗೆ ಸಂಘಟನೆಗಳು ಒಂದು ಹೆಜ್ಜೆ ಇಳಿದು, ಪಟ್ಟಣಗಳಲ್ಲಿ ವಯಸ್ಕ ಮತದಾನ, ಉಳಿದೆಡೆ ಸಾಕ್ಷರತೆಯಾದರೂ ಇರಲಿ ಎಂದಿದ್ದವು. ಪತ್ನಿ ಅರ್ಹತೆಗೆ ಮಾತ್ರ ಕೊನೆಗೂ ಒಪ್ಪಲಿಲ್ಲ. ಈ ಪರ್ಯಾಯದಲ್ಲಿ ಓದಿದ ಪಟ್ಟಣದ ಹೆಂಗಸರಿಗೇ ಲಾಭ, ಹಳ್ಳಿಯ ದುಡಿಯುವ ಹೆಂಗಸಿಗೆ ಏನೂ ಇಲ್ಲ ಎಂಬ ಟೀಕೆ ನ್ಯಾಯವಾದದ್ದೇ. ರಾಧಾಬಾಯಿಯವರ ವಾದವನ್ನು ಬರೀ ರಾಜಿ ಎಂದು ಹೀಗಳೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಹೇಳುವುದೇ ಇಲ್ಲ.

ಕಾಯ್ದೆಯಾಗಿ ಬಂದ ಪತ್ನಿ ಅರ್ಹತೆ ನಾಯಕಿಯರು ಹೆದರಿದ್ದಕ್ಕಿಂತ ಇಕ್ಕಟ್ಟಿನದ್ದು. ಗಂಡ ಸಾಮಾನ್ಯ ಮತದಾರನಾದರೆ ಸಾಲದು. ಗಂಡಸರಿಗೆ ಆಸ್ತಿಯ ಮಿತಿಯನ್ನು ಕೆಳಗಿಳಿಸಿ, ಹೆಂಡತಿಗೆ ಮತ ತರುವ ಮಿತಿಯನ್ನು ಹೆಚ್ಚುಕಡಿಮೆ ಹಳೆಯ ಎತ್ತರದಲ್ಲೇ ಬಿಟ್ಟಿದ್ದರು. ಹಾಗಾಗಿ ಗಂಡನ ಹೆಸರು ಪಟ್ಟಿಯಲ್ಲಿದ್ದು ಹೆಂಡತಿಯದು ಇಲ್ಲದ ಮನೆಗಳೇ ಬಹಳ. ಕೆಲವು ಪ್ರಾಂತ್ಯಗಳಲ್ಲಿ ಹೆಂಡತಿಯ ಹೆಸರನ್ನು ಅಧಿಕಾರಿ ತಾನಾಗಿ ಸೇರಿಸುವಂತಿರಲಿಲ್ಲ. ಅವಳೇ ಅರ್ಜಿ ಹಾಕಬೇಕಿತ್ತು. ಮನೆಯಿಂದ ಹೊರಗೆ ಹೆಜ್ಜೆಯಿಡಲು ಅನುಮತಿ ಕೇಳಬೇಕಾದವಳು ಕಚೇರಿಗೆ ಅರ್ಜಿ ಕೊಡುವುದು ಎಷ್ಟು ಕಷ್ಟ ಎಂಬುದು ನಿಯಮ ಬರೆದವರಿಗೆ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಎಲ್ಲಕ್ಕಿಂತ ವಿಚಿತ್ರವಾದದ್ದು ವಿಧವೆಯ ನಿಯಮ. ಗಂಡ ಸಾಯುವಾಗ ಪಟ್ಟಿಯಲ್ಲಿದ್ದವಳ ಹೆಸರು ಹಾಗೆಯೇ ಉಳಿಯುತ್ತದೆ, ಮರುಮದುವೆಯಾದರೆ ಹೋಗುತ್ತದೆ. ಹೊಸ ಗಂಡನಿಗೆ ಸಾಕಷ್ಟು ಆಸ್ತಿಯಿಲ್ಲದಿದ್ದರೆ ವಿಧವಾ ವಿವಾಹದ ದಂಡ ಮತಪೆಟ್ಟಿಗೆಯಲ್ಲಿ ಕಟ್ಟಬೇಕು. ಇಷ್ಟಾಗಿ, ಎಲ್ಲ ಅರ್ಹತೆಗಳೂ ಸೇರಿ ಸುಮಾರು 60 ಲಕ್ಷ ಹೆಂಗಸರು ಮತದಾರರಾದರು, ಐವರು ಗಂಡಸರಿಗೆ ಒಬ್ಬರಂತೆ. ಸಂಖ್ಯೆ ಏರಿದ್ದು ನಿಜ.

ಸಂವಿಧಾನ ಈ ಅರ್ಹತೆಗಳ ಪಟ್ಟಿಯನ್ನು ಒಟ್ಟಾಗಿ ಕಿತ್ತುಹಾಕಿತು. 326ನೆಯ ವಿಧಿ ವಯಸ್ಕ ಮತದಾನ ಕೊಟ್ಟಿತು, 325ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ ಎಂದಿತು. ಅಮೃತ ಕೌರ್, ಹಂಸಾ ಮೆಹತಾ, ದುರ್ಗಾಬಾಯಿ, ದಾಕ್ಷಾಯಣಿ ವೇಲಾಯುಧನ್ ಮೊದಲಾದವರು ಅದನ್ನು ರೂಪಿಸಿದ ಸಂವಿಧಾನ ಸಭೆಯಲ್ಲಿದ್ದರು.

ಆದರೆ ಮೊದಲ ಮಹಾಚುನಾವಣೆಯ ಪಟ್ಟಿ ಮಾಡಲು ಮನೆಮನೆಗೆ ಹೋದವರಿಗೆ ಬೇರೊಂದು ಗೋಡೆ ಎದುರಾಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತ, ವಿಂಧ್ಯ ಪ್ರದೇಶಗಳಲ್ಲಿ ಅಸಂಖ್ಯ ಹೆಂಗಸರು ಅಪರಿಚಿತರಿಗೆ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದರು. ಹೀಗೆ ಬರೆದ ಪಟ್ಟಿಯಿಂದ ಮತಗಟ್ಟೆಯಲ್ಲಿ ಗುರುತು ಹಿಡಿಯುವುದು ಹೇಗೆ? ಗಂಡನಿಗೆ ಇಬ್ಬರು ಹೆಂಡಿರಿದ್ದರೆ ಯಾರು ಬಂದದ್ದು? ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಸ್ವಂತ ಹೆಸರಿಲ್ಲದ ನಮೂದುಗಳನ್ನು ತೆಗೆಯಿಸಿದರು. ಬಿಹಾರಕ್ಕೆ ಒಂದು ತಿಂಗಳು ಹೆಚ್ಚುವರಿ ಕಾಲ ಕೊಟ್ಟರು. ಕೊನೆಗೆ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಹೆಸರು ಕೊಡದೆ ಕೈಬಿಟ್ಟುಹೋದರು. ಗದ್ದಲವೆದ್ದದ್ದೇ ಒಳ್ಳೆಯದು, ಮುಂದಿನ ಸಲಕ್ಕೆ ಹೆಸರು ಹೇಳುತ್ತಾರೆ ಎಂಬುದು ಸೇನ್ ನಿಲುವು.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ತುಂಬುವ ಈಗಿನ ನಮೂನೆ 6ರಲ್ಲಿ ಹೆಣ್ಣು ಗಂಡನ ಹೆಸರನ್ನೇ ಬರೆಯಬೇಕೆಂಬ ಕಡ್ಡಾಯವಿಲ್ಲ. ಸಂಬಂಧಿಯ ಅಂಕಣದಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಯಾರದಾದರೂ ಒಬ್ಬರದು ಸಾಕು. ಅನಾಥರು ಕಾನೂನುಬದ್ಧ ಪಾಲಕರ ಹೆಸರನ್ನು, ತೃತೀಯಲಿಂಗಿಗಳು ಗುರುವಿನ ಹೆಸರನ್ನು ಕೊಡಬಹುದು. ಅದು ಗುರುತಿಗೆ ಮಾತ್ರ, ಅರ್ಹತೆಗಲ್ಲ. ಮದುವೆಯಾಗಿ ಊರು ಬದಲಿಸಿದವರು ಎಡವುವುದು ಬೇರೆ ಕಡೆ. ತವರಿನ ಪಟ್ಟಿಯಲ್ಲಿ ಹೆಸರಿದ್ದರೂ ಹೊಸ ಊರಿನಲ್ಲಿ ಮತ್ತೊಂದು ನಮೂನೆ 6 ತುಂಬುತ್ತಾರೆ. ನಮೂನೆ 6 ಮೊದಲ ಬಾರಿ ಸೇರುವವರಿಗೆ. ಹಾಗೆ ತುಂಬಿದರೆ ಎರಡು ಕಡೆ ಹೆಸರು ಬೀಳುತ್ತದೆ, 1950ರ ಜನಪ್ರಾತಿನಿಧ್ಯ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಅರ್ಜಿಯಲ್ಲಿ ಸುಳ್ಳು ಘೋಷಣೆ ಸಾಬೀತಾದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅವರು ಹಾಕಬೇಕಾದದ್ದು ನಮೂನೆ 8. ವಿಳಾಸ ಬದಲಾವಣೆ, ಹೆಸರಿನ ತಿದ್ದುಪಡಿ ಎರಡಕ್ಕೂ ಇದೇ ನಮೂನೆ, ಹಳೆಯ ಗುರುತಿನ ಚೀಟಿಯ ಸಂಖ್ಯೆಯನ್ನು ಅದರಲ್ಲಿ ಬರೆಯಬೇಕು. ಹೊಸದಾಗಿ ಹದಿನೆಂಟು ತುಂಬಿದವರಿಗೆ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1.