ಹೆಡ್‌ಲೈಟ್ ಆರಿದೆ, ರೀಕಾಲ್ ಆಗಿದೆ, ಪಾರ್ಟ್ ಮಾತ್ರ ಬಂದಿಲ್ಲ

‘ಕಂಪನಿಯವರೇ ರೀಕಾಲ್ ಅಂತ ಮೆಸೇಜ್ ಕಳಿಸಿದ್ದಾರೆ. ಮತ್ತೆ ರಿಪೇರಿ ಯಾಕೆ ಆಗ್ತಿಲ್ಲ?’

ಕಾರು ಇಟ್ಟುಕೊಂಡ ಗೆಳೆಯರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಉತ್ತರ ಹೇಳೋಕೆ ಹೋದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ವಾರಂಟಿ, ರೀಕಾಲ್, ಸರ್ವೀಸ್ ಕ್ಯಾಂಪೇನ್, ಗ್ರಾಹಕರ ಆಯೋಗ, ಟ್ರಾಫಿಕ್ ಪೊಲೀಸ್ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡಿವೆ. ರೀಕಾಲ್ ಅಂದರೆ ದೋಷವಿರುವ ಗಾಡಿಗಳನ್ನು ಕಂಪನಿ ವಾಪಸ್ ಕರೆಸಿ ಸರಿಮಾಡಿಕೊಡುವುದು. ಗಂಟು ಬಿಡಿಸಬೇಕಾದರೆ ಹೆಡ್‌ಲೈಟಿನ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಶಿವನಸಮುದ್ರದ ಕರೆಂಟಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದಾಗ ಕಾರುಗಳಲ್ಲಿ ಇನ್ನೂ ಕಾರ್ಬೈಡ್ ಗ್ಯಾಸಿನ ದೀಪಗಳೇ ಜಾಸ್ತಿ. ಆಮೇಲೆ ಬಲ್ಬು ಬಂತು, 1940ರಲ್ಲಿ ಅಮೆರಿಕದಲ್ಲಿ ಬಲ್ಬು, ಗಾಜು ಎಲ್ಲ ಒಂದೇ ತುಂಡಾದ ಸೀಲ್ಡ್ ಬೀಮ್, 60ರ ದಶಕದಲ್ಲಿ ಯುರೋಪಿನಲ್ಲಿ ಹ್ಯಾಲೋಜನ್, 90ರ ದಶಕದಲ್ಲಿ ಝೆನಾನ್, 2008ರ ಹೊತ್ತಿಗೆ ದುಬಾರಿ ಕಾರುಗಳಲ್ಲಿ ಎಲ್‌ಇಡಿ. ನೂರು ವರ್ಷದ ಕಥೆ ಇಷ್ಟೇ. ನಮ್ಮ ತಲೆನೋವು ಶುರುವಾಗುವುದು ಹ್ಯಾಲೋಜನ್ ಹೋಗಿ ಎಲ್‌ಇಡಿ ಬಂದ ಕಡೆ.

ಹ್ಯಾಲೋಜನ್ ಕಾಲದಲ್ಲಿ ಹೆಡ್‌ಲೈಟ್ ಹೋದರೆ ಯಾರೂ ಗಾಬರಿ ಆಗುತ್ತಿರಲಿಲ್ಲ. ಎಚ್4 ಬಲ್ಬು. ಹಿಂದೆ ಮೂರು ಪಿನ್ನು, ಒಳಗೆ ಎರಡು ಫಿಲಮೆಂಟು, 60 ವ್ಯಾಟ್ ಹೈ ಬೀಮ್‌ಗೆ, 55 ವ್ಯಾಟ್ ಲೋ ಬೀಮ್‌ಗೆ. ಬಾನೆಟ್ ಎತ್ತಿ, ಸಾಕೆಟ್ ಕಿತ್ತು, ರಬ್ಬರ್ ಟೋಪಿ ತೆಗೆದು, ತಂತಿಯ ಕ್ಲಿಪ್ ಒತ್ತಿದರೆ ಬಲ್ಬು ಕೈಗೆ ಬರುತ್ತಿತ್ತು. ಗಾಜನ್ನು ಬೆರಳಲ್ಲಿ ಮುಟ್ಟಬಾರದು ಅನ್ನುವುದೊಂದೇ ಎಚ್ಚರ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ. ಜೆ.ಸಿ. ರೋಡಿನ ಯಾವ ಅಂಗಡಿಯಲ್ಲಾದರೂ ಕೆಲವು ನೂರು ರೂಪಾಯಿಗೆ ಬಲ್ಬು ಸಿಗುತ್ತಿತ್ತು. ಬಲ್ಬಿನ ಬದಲು ಹೋಲ್ಡರ್ ಕರಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಯಾರೋ 100 ವ್ಯಾಟಿನ ಬಲ್ಬು ಹಾಕಿದ್ದಾರೆ ಅಂತ ಗ್ಯಾರೇಜಿನ ಹುಡುಗ ನೋಡಿದ ಕೂಡಲೇ ಹೇಳುತ್ತಿದ್ದ. ಹತ್ತು ನಿಮಿಷದ ಕೆಲಸ.

ಎಲ್‌ಇಡಿ ಹಾಗಲ್ಲ. ಬೆಳಕು ಚೆನ್ನಾಗಿದೆ, ಕರೆಂಟು ಕಡಿಮೆ ತಿನ್ನುತ್ತದೆ, ಸರಿಯಾಗಿ ಮಾಡಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದು ಬಲ್ಬಲ್ಲ, ಒಂದು ಪೂರ್ತಿ ಡಬ್ಬಿ. ಒಳಗೆ ಎಲ್‌ಇಡಿ ಚಿಪ್ಪು, ಅದಕ್ಕೆ ಹದವಾಗಿ ಕರೆಂಟು ಕೊಡುವ ಡ್ರೈವರ್ ಅನ್ನುವ ಸಣ್ಣ ಬೋರ್ಡು, ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳು, ಕೆಲವಕ್ಕೆ ಪುಟ್ಟ ಫ್ಯಾನು. ಎಲ್ಲದರ ಮೇಲೆ ಅಂಟು ಹಾಕಿ ಮುಚ್ಚಿದ ಪ್ಲಾಸ್ಟಿಕ್ ಲೆನ್ಸು. ಇದರಲ್ಲಿ ಯಾವುದು ಕೆಟ್ಟರೂ ಬಹಳಷ್ಟು ಕಾರುಗಳಲ್ಲಿ ಇಡೀ ಡಬ್ಬಿಯನ್ನೇ ಬದಲಿಸಬೇಕು. ಬೆಲೆ ಸಾವಿರಗಳಲ್ಲಿ, ಕೆಲವಕ್ಕೆ ಹತ್ತಾರು ಸಾವಿರ.

ಇದು ಕೆಡುವ ಬಗೆಯನ್ನು ಬೆಂಗಳೂರಿನಲ್ಲಿ ಕಣ್ಣಾರೆ ನೋಡಬಹುದು. ಏಪ್ರಿಲ್ ತಿಂಗಳ ಸಂಜೆ. ಇಡೀ ದಿನ ಬಿಸಿಲಲ್ಲಿ ನಿಂತ ಕಾರು, ಮೇಲೆ ದೀಪವೂ ಹತ್ತಿ ಡಬ್ಬಿ ಕಾದಿರುತ್ತದೆ. ಒಮ್ಮೆಲೇ ಮಾವಿನ ಮಳೆ ಸುರಿಯುತ್ತದೆ. ಕಾದ ಡಬ್ಬಿ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸೀಲು ಚೆನ್ನಾಗಿದ್ದು, ಗಾಳಿಯಾಡುವ ಪೊರೆ ಸರಿ ಇದ್ದರೆ ತೇವ ತಾನೇ ಹೊರಗೆ ಹೋಗುತ್ತದೆ. ಸೀಲಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಮರುದಿನ ಬೆಳಗ್ಗೆ ಲೆನ್ಸಿನ ಒಳಗೆ ಹನಿ ಕಾಣುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನಿಲ್ಲುವ ಹಾಗೆ. ಆ ತೇವ ಬೋರ್ಡಿಗೆ ತಾಗಿದರೆ ತುಕ್ಕು. ಇದರ ಜೊತೆ ನಮ್ಮ ಹಂಪು, ಗುಂಡಿಗಳ ಕುಲುಕಾಟ. ಬಿಸಿ, ತಂಪು, ಕುಲುಕಾಟ ಸೇರಿ ಬೆಸುಗೆ ಸಡಿಲವಾಗುತ್ತದೆ. ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ.

ಈ ‘ಒಮ್ಮೆ ಹತ್ತುತ್ತದೆ’ ಅನ್ನುವುದೇ ದೊಡ್ಡ ಕಷ್ಟ. ಸರ್ವೀಸ್ ಸೆಂಟರಿಗೆ ಹೋದಾಗ ಅದು ಚೆನ್ನಾಗಿಯೇ ಹತ್ತಿರುತ್ತದೆ.

ಒಂದೇ ಮಾಡೆಲ್ಲಿನ ಸಾವಿರಾರು ಕಾರುಗಳಲ್ಲಿ ಒಂದೇ ದೋಷ ಬಂದರೆ ಅದು ಮಾಲೀಕರ ಹಣೆಬರಹ ಅಲ್ಲ, ತಯಾರಿಯ ದೋಷ. ಈ ಮಾತನ್ನು ಕಾನೂನಿಗೆ ಮೊದಲು ತಂದ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿ 1966ರಲ್ಲಿ ವಾಹನ ಸುರಕ್ಷತೆಯ ಕಾಯ್ದೆ ಬಂದಾಗ ದೋಷ ಇದೆ ಅಂತ ಮಾಲೀಕರಿಗೆ ತಿಳಿಸಿದರೆ ಸಾಕಿತ್ತು. ಮಾಲೀಕರಿಂದ ದುಡ್ಡು ತೆಗೆದುಕೊಳ್ಳದೆ ಸರಿಮಾಡಿಕೊಡಬೇಕು ಅನ್ನುವುದು 1974ರಲ್ಲಿ ಸೇರಿತು. ಆ ಕಾನೂನಿನಲ್ಲಿ ಇನ್ನೊಂದು ಸಾಲಿದೆ. ರಿಪೇರಿಗೆ ಅಂತ ಗಾಡಿ ತಂದುಕೊಟ್ಟ ಮೇಲೆ 60 ದಿನದೊಳಗೆ ಸರಿಯಾಗಿ ರಿಪೇರಿ ಆಗದಿದ್ದರೆ, ಅದನ್ನೇ ತಡ ಅಂತ ಮೇಲ್ನೋಟಕ್ಕೆ ಒಪ್ಪಿಕೊಳ್ಳಬೇಕು. ಅಲ್ಲೂ ಪಾರ್ಟಿಗಾಗಿ ಕಾಯುವವರಿದ್ದಾರೆ. ಆದರೂ ಎಷ್ಟು ಕಾದರೆ ಜಾಸ್ತಿ ಆಯ್ತು ಅನ್ನುವುದಕ್ಕೆ ಅಲ್ಲಿ ಒಂದು ಗೆರೆ ಇದೆ.

ನಮ್ಮ ಮೋಟಾರು ವಾಹನ ಕಾಯ್ದೆ 1988ರದು, ಕೇಂದ್ರದ ನಿಯಮಗಳು 1989ರವು. ಬಹಳ ಕಾಲ ಅವುಗಳಲ್ಲಿ ರೀಕಾಲ್ ಅನ್ನುವ ಮಾತೇ ಇರಲಿಲ್ಲ. ಕಾರು ತಯಾರಕರ ಸಂಘ 2012ರಲ್ಲಿ ಒಂದು ಸ್ವಯಂ ನೀತಿ ಮಾಡಿಕೊಂಡಿತು. ದೋಷ ಕಂಡರೆ ನಾವೇ ಕರೆದು ಸರಿಮಾಡುತ್ತೇವೆ ಅನ್ನುವ ಒಪ್ಪಂದ. ಕಾನೂನಿನ ಬಲ ಬಂದಿದ್ದು 2019ರ ತಿದ್ದುಪಡಿಯಲ್ಲಿ, 110ಎ ಸೆಕ್ಷನ್ ಸೇರಿದಾಗ. ಚಾಲಕರಿಗೋ ರಸ್ತೆಯಲ್ಲಿರುವ ಬೇರೆಯವರಿಗೋ ಅಪಾಯ ಆಗುವ ದೋಷವಿದ್ದರೆ ಆ ಬಗೆಯ ಗಾಡಿಗಳನ್ನು ವಾಪಸ್ ಕರೆಸಿ ಅಂತ ಕೇಂದ್ರ ಸರ್ಕಾರ ಆದೇಶ ಕೊಡಬಹುದು. ದೋಷ ಒಂದು ಬಿಡಿಭಾಗದಲ್ಲಿದ್ದರೆ ಆ ಭಾಗ ಹಾಕಿರುವ ಎಲ್ಲ ಗಾಡಿಗಳಿಗೂ ಆದೇಶ ಅನ್ವಯ ಮಾಡಬಹುದು. ಹೆಡ್‌ಲೈಟ್ ವಿಷಯಕ್ಕೆ ಇದು ಮುಖ್ಯ. ಬಹಳಷ್ಟು ಸಲ ಡಬ್ಬಿ ಮಾಡುವವರು ಒಬ್ಬರು, ಕಾರು ಮಾಡುವವರು ಇನ್ನೊಬ್ಬರು. ಕಂಪನಿ ತಾನಾಗಿಯೇ ಮುಂದೆ ಬಂದು ದೋಷ ತಿಳಿಸಿ ರೀಕಾಲ್ ಶುರುಮಾಡಿದರೆ ದಂಡ ಇಲ್ಲ.

ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಮಾಲೀಕರು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ದೂರು ಕೊಡಬಹುದು. ವಿಷಯ ಕಡ್ಡಾಯ ರೀಕಾಲ್ ಕಡೆ ಹೋಗಲು ಎಷ್ಟು ದೂರು ಬೇಕು ಅನ್ನುವುದು, ವರ್ಷಕ್ಕೆ ಎಷ್ಟು ಗಾಡಿ ಮಾರಾಟವಾಗುತ್ತದೆ ಅನ್ನುವುದರ ಮೇಲಿನ ಲೆಕ್ಕ. ಚೆನ್ನಾಗಿ ಮಾರಾಟವಾಗುವ ಕಾರಾದರೆ ಸಾವಿರಕ್ಕೂ ಜಾಸ್ತಿ ದೂರು ಬೇಕು. ಕಡ್ಡಾಯ ರೀಕಾಲ್ ಆದರೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಇಷ್ಟೆಲ್ಲ ಇದ್ದರೂ, ಇಂಥ ಪೋರ್ಟಲ್ ಒಂದಿದೆ ಅಂತ ನನಗೆ ಗೊತ್ತಿರುವ ಕಾರು ಮಾಲೀಕರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನನಗೂ ಗೊತ್ತಾಗಿದ್ದು ನನ್ನ ಕಾರಿನ ದೀಪ ಆರಿದ ಮೇಲೆ.

ಮಾಗಡಿ ಕಡೆಯಿಂದ ರಾತ್ರಿ ವಾಪಸ್ ಬರುತ್ತಿದ್ದೆವು. ತಾವರೆಕೆರೆ ಇನ್ನೂ ದೂರವಿತ್ತು. ಎಡಗಡೆ ದೀಪ ಎರಡು ಸಲ ಮಿಣುಕಿ ಆರಿತು. ಐದು ನಿಮಿಷಕ್ಕೆ ಬಲಗಡೆಯದೂ ಹೋಯಿತು. ಪಾರ್ಕಿಂಗ್ ದೀಪ ಮಾತ್ರ ಉಳಿಯಿತು. ರಸ್ತೆಯ ಅಂಚು ಎಲ್ಲಿ, ಮಣ್ಣು ಎಲ್ಲಿ, ಸೈಕಲ್ಲಿನವರು ಯಾರಾದರೂ ಇದ್ದಾರಾ, ಒಂದೂ ಕಾಣುತ್ತಿರಲಿಲ್ಲ. ‘ರೀ, ನಿಲ್ಲಿಸಿ’ ಅಂದಳು ಹೆಂಡತಿ. ನಿಲ್ಲಿಸಿದರೆ ಹಿಂದಿನಿಂದ ಬರುವವರಿಗೆ ನಾವು ಕಾಣಬೇಕಲ್ಲ? ಕೊನೆಗೆ ಒಂದು ಸರ್ಕಾರಿ ಬಸ್ಸು ಬಂತು. ಹಜಾರ್ಡ್ ಲೈಟ್ ಹಾಕಿಕೊಂಡು, ಅದರ ಹಿಂದಿನ ಕೆಂಪು ದೀಪವನ್ನೇ ನೋಡುತ್ತಾ ಊರು ಸೇರಿದೆವು. ಹಿಂದಿನ ಸೀಟಲ್ಲಿ ಮಗ ನಿದ್ದೆ ಮಾಡುತ್ತಿದ್ದ.

ಮರುದಿನ ಸರ್ವೀಸ್ ಸೆಂಟರಿನಲ್ಲಿ ಎರಡೂ ದೀಪ ಹತ್ತಿದವು. ದೂರು, ಕೆಲಸ ಎಲ್ಲ ಬರೆಯುವ ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಅಂತ ಬರೆದರು. ಮೂರನೇ ಸಲ ಹೋದಾಗ ನಾನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿದ್ದೆ. ಆಗ ಡಬ್ಬಿ ಬದಲಿಸಬೇಕು ಅಂದರು. ‘ಸರ್, ಪಾರ್ಟ್ ಸ್ಟಾಕ್ ಇಲ್ಲ, ಕಂಪನಿಗೆ ಮೇಲ್ ಹಾಕಿದೀವಿ.’ ಎರಡು ತಿಂಗಳ ಮೇಲೆ ಫೋನಿಗೆ ಮೆಸೇಜ್ ಬಂತು, ನಿಮ್ಮ ಚಾಸಿ ನಂಬರ್ ರೀಕಾಲ್‌ನಲ್ಲಿದೆ ಅಂತ. ಖುಷಿಯಾಯಿತು, ಸುಮ್ನೆ ಹೇಳುತ್ತಿಲ್ಲ. ನಾನು ಹೇಳಿದ್ದು ಸುಳ್ಳಲ್ಲ ಅಂತ ಒಬ್ಬರಾದರೂ ಒಪ್ಪಿಕೊಂಡರಲ್ಲ. ಆದರೆ ರೀಕಾಲ್ ಆಗಿದ್ದರಿಂದ ಸಾಲು ಇನ್ನೂ ಉದ್ದವಾಯಿತು. ಮೊದಲು ನಾನೊಬ್ಬ ಕಾಯುತ್ತಿದ್ದೆ, ಈಗ ಆ ಬ್ಯಾಚಿನ ಎಲ್ಲರೂ ಅದೇ ಡಬ್ಬಿಗೆ ಕಾಯುವವರು. ಹಳೆ ಡಬ್ಬಿಯನ್ನೇ ತಂದು ಹಾಕುವ ಹಾಗಿಲ್ಲ. ದೋಷ ಎಲ್ಲಿದೆ ಅಂತ ಹುಡುಕಿ, ತಿದ್ದಿ, ಪರೀಕ್ಷೆ ಮಾಡಿ, ಹೊಸದಾಗಿ ತಯಾರಿಸಬೇಕು. ಹೊಸ ಕಾರುಗಳ ಸಾಲಿಗೂ ಅದೇ ಭಾಗ ಬೇಕು. ತಡ ಆಗುವುದಕ್ಕೆ ಇಂಥ ಕಾರಣಗಳಿವೆ, ಅದನ್ನು ಒಪ್ಪುತ್ತೇನೆ. ನನ್ನ ಜಾಬ್ ಕಾರ್ಡಿನಲ್ಲಿ ಗಾಡಿ ಕೊಡುವ ದಿನಾಂಕದ ಜಾಗದಲ್ಲಿ ‘ಪಾರ್ಟ್ ಬಂದ ಮೇಲೆ’ ಅಂತ ಬರೆದಿತ್ತು. ಪಾರ್ಟ್ ಬರಲು ಏಳು ತಿಂಗಳು ಹಿಡಿಯಿತು.

ಆ ಏಳು ತಿಂಗಳು ಕಾರು ಯಾರ ಹೊಣೆ? ನನಗೆ ಇಡೀ ವಿಷಯದಲ್ಲಿ ಇದೇ ಮುಖ್ಯ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ, ಅಪಾಯ ತರುವ ದೋಷ ಇದೆ ಅಂತ ಗೊತ್ತಿದ್ದೂ ಗಾಡಿ ಓಡಿಸುವುದು ತಪ್ಪು. ರೀಕಾಲ್ ಮೆಸೇಜ್ ಬಂದ ದಿನದಿಂದ ದೋಷ ಇದೆ ಅಂತ ನನಗೆ ಗೊತ್ತು, ಬರವಣಿಗೆಯಲ್ಲೇ ಗೊತ್ತು. ಮುಂದಿನ ದೀಪ 155 ಮೀಟರ್ ದೂರಕ್ಕೆ ಕಾಣಬೇಕು ಅಂತ ನಿಯಮವಿದೆ. ಅದನ್ನು ಪಾಲಿಸಬೇಕಾದವನೂ ಓಡಿಸುವ ನಾನೇ. ಅಂದರೆ ಮೆಸೇಜ್ ಬಂದ ದಿನದಿಂದ ಪಾರ್ಟ್ ಬರುವ ದಿನದವರೆಗೆ ಭಾರವೆಲ್ಲ ಮಾಲೀಕರ ತಲೆ ಮೇಲೆ. ಕಂತು ನಿಲ್ಲುವುದಿಲ್ಲ, ವಿಮೆ ನಿಲ್ಲುವುದಿಲ್ಲ. ಬದಲಿ ಕಾರು ಕೊಡಿ ಅಂತ ಕೇಳಿದೆ, ಕಂಪನಿಯ ಪಾಲಿಸಿಯಲ್ಲಿ ಇಲ್ಲ ಅಂದರು. ಸಂಜೆ ಆರೂವರೆ ಆದ ಮೇಲೆ ಕಾರು ತೆಗೆಯುವುದನ್ನೇ ಬಿಟ್ಟೆವು.

ಎಲ್ಲರಿಗೂ ಹಾಗೆ ಬಿಡಲು ಆಗುವುದಿಲ್ಲ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರಿಗೆ ರಾತ್ರಿಯೇ ದುಡಿಮೆ. ಅವರು ಜೆ.ಸಿ. ರೋಡಿಗೋ ಶಿವಾಜಿನಗರದ ಹಳೆ ಸ್ಪೇರ್ ಅಂಗಡಿಗೋ ಹೋಗಿ ಹೊರಗಿನ ಎಲ್‌ಇಡಿ ಹಾಕಿಸಿಕೊಳ್ಳುತ್ತಾರೆ. ವೈರು ಕತ್ತರಿಸಿ ಜೋಡಿಸಿದ ಕೂಡಲೇ ವಾರಂಟಿಗೆ ಕುತ್ತು ಬರುತ್ತದೆ. ಆ ದೀಪದಲ್ಲಿ ಬೆಳಕು ಮೇಲಕ್ಕೆ ಹೋಗದಂತೆ ತಡೆಯುವ ಸರಿಯಾದ ಗೆರೆ ಇರುವುದಿಲ್ಲ, ನೇರವಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಿಂದೆ ನಮ್ಮಲ್ಲಿ ಇದೇ ಕಾರಣಕ್ಕೆ ಹೆಡ್‌ಲೈಟಿನ ಮೇಲೆ ಕಪ್ಪು ಬಣ್ಣ ಬಳಿಸುತ್ತಿದ್ದರು, ನೆನಪಿದೆ ಅಲ್ವಾ? ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ 2024ರ ಜುಲೈಯಿಂದ ಕೇಸು ಹಾಕುತ್ತೇವೆ ಅಂತ ರಾಜ್ಯ ಪೊಲೀಸರು ಹೇಳಿದರು, ಹಾಕಿದರು ಕೂಡ. ಅದು ಬೇಕಾಗಿದ್ದ ಕೆಲಸವೇ. ಆದರೆ ಹಾಗೆ ಸಿಕ್ಕಿಬಿದ್ದವರಲ್ಲಿ ಕಂಪನಿಯ ದೀಪಕ್ಕೆ ಕಾದು ಕಾದು ಬೇಸತ್ತವರೂ ಇರುತ್ತಾರೆ.

ಗ್ರಾಹಕರ ಆಯೋಗದ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ದೋಷವಿರುವ ವಸ್ತುವಿನಿಂದ ಆದ ಹಾನಿಗೆ ತಯಾರಕರು ಹೊಣೆ ಅನ್ನುವ ಅಧ್ಯಾಯವೇ ಅದರಲ್ಲಿದೆ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಆದರೆ ಆಯೋಗಕ್ಕೆ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಕಾಶ. ‘ಮುಂದಿನ ತಿಂಗಳು ಬರುತ್ತೆ ಸರ್’ ಅನ್ನುವ ಮಾತು ನಂಬಿ ಕೂತರೆ ಆ ಎರಡು ವರ್ಷ ಸವೆಯುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಸಲ ಹೋದಾಗಲೂ ಜಾಬ್ ಕಾರ್ಡ್ ಮಾಡಿಸಿಕೊಳ್ಳಿ. ‘ಲೈಟ್ ಚೆಕ್’ ಅಂತ ಬರೆಯಲು ಬಿಡಬೇಡಿ. ‘ಓಡಿಸುವಾಗ ಎರಡೂ ಹೆಡ್‌ಲೈಟ್ ಆರುತ್ತದೆ’ ಅಂತ ಪೂರ್ತಿ ಬರೆಸಿ. ಪಾರ್ಟ್ ಇಲ್ಲ ಅಂದರೆ ಅದನ್ನೂ ಇಮೇಲಿನಲ್ಲಿ ಕೇಳಿ ಪಡೆಯಿರಿ. ವಾಹನ್ ಪೋರ್ಟಲಿನಲ್ಲಿ ದೂರು ಹಾಕಿ. ಸಾವಿರಕ್ಕೂ ಜಾಸ್ತಿ ದೂರು ಬೇಕು ಅಂತ ಲೆಕ್ಕ ಇರುವಾಗ ಒಂದೊಂದೂ ಲೆಕ್ಕಕ್ಕೆ ಬರುತ್ತದೆ.

ಕೆಲವು ಸಲ ರೀಕಾಲ್ ಅನ್ನದೆ ಸರ್ವೀಸ್ ಕ್ಯಾಂಪೇನ್ ಅಂತಾರೆ. ಸರ್ವೀಸಿಗೆ ಬಂದ ಗಾಡಿಗೆ ಮಾತ್ರ ಭಾಗ ಬದಲಿಸಿ ಕಳಿಸುತ್ತಾರೆ. ಹೊರಗಿನ ಗ್ಯಾರೇಜಿಗೆ ಹೋಗುವವರಿಗೆ, ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕಾರು ಕೈ ಬದಲಾದಾಗ ಆರ್‌ಸಿಯಲ್ಲಿ ಹೆಸರು ಬದಲಾಗುತ್ತದೆ, ಕಂಪನಿಯ ಹತ್ತಿರ ಹಳೆ ಮಾಲೀಕರ ಫೋನ್ ನಂಬರೇ ಉಳಿಯುತ್ತದೆ. ಹಳೆ ಕಾರು ಕೊಳ್ಳುವವರು 17 ಅಕ್ಷರದ ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ಬೀದಿಯ ಕೊನೆಯ ಮನೆಯವರದೂ ನನ್ನದೇ ಮಾಡೆಲ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಅವರಿಗೆ ಮೆಸೇಜೇ ಬಂದಿರಲಿಲ್ಲ. ಲೆನ್ಸಿನ ಒಳಗೆ ಹನಿ ಕಂಡು ನಾನೇ ಕೇಳಿದೆ, ಇಬ್ಬರೂ ಕೂತು ನಂಬರ್ ಹಾಕಿ ನೋಡಿದೆವು. ಪಟ್ಟಿಯಲ್ಲಿತ್ತು. ಕಳೆದ ವಾರ ಜಾಬ್ ಕಾರ್ಡ್ ತಂದು ತೋರಿಸಿದರು. ಕೊಡುವ ದಿನಾಂಕ ಬರೆಯಲೇಬೇಕು ಅಂತ ಅಲ್ಲೇ ಕೂತು ಹಟ ಹಿಡಿದಿದ್ದರಂತೆ. ಪೆನ್ನಿನಲ್ಲಿ ಒಂದು ತಾರೀಕು ಬರೆದು, ಪಕ್ಕದಲ್ಲಿ ಸಹಿ ಹಾಕಿ ಕೊಟ್ಟಿದ್ದಾರೆ.