ಬಾಗಿಲು ಎಲ್ಲಿದೆ, ಹೊಣೆ ಯಾರದು? ನೆಲದಡಿಯ ಭೌತಶಾಸ್ತ್ರ ಪ್ರಯೋಗಾಲಯಗಳ ಸುರಕ್ಷತೆ ನಡೆದು ಬಂದ ದಾರಿ

ಜಿನೀವಾ ಪಕ್ಕದ ಸರ್ನ್ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ. ಪರಮಾಣುವಿನೊಳಗಿನ ಕಣಗಳನ್ನು ಅತಿ ವೇಗದಲ್ಲಿ ಓಡಿಸುವ ವೇಗವರ್ಧಕ ಯಂತ್ರವಿರುವ ಅದರ ದೊಡ್ಡ ಸುರಂಗ ಸುಮಾರು 27 ಕಿಲೋಮೀಟರ್ ಸುತ್ತಳತೆಯ ಉಂಗುರ. ಜಾಗಕ್ಕೆ ತಕ್ಕಂತೆ 50ರಿಂದ 175 ಮೀಟರ್ ಆಳದಲ್ಲಿದೆ. ಮೇಲಿನಿಂದ ಅದಕ್ಕೆ ಇಳಿಯುವ ಮುಖ್ಯ ತಾಣಗಳು ಎಂಟೇ ಎಂಟು. ಒಂದರಿಂದ ಇನ್ನೊಂದಕ್ಕೆ ಮೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಎರಡು ತಾಣಗಳ ನಟ್ಟನಡುವೆ ಕೆಲಸ ಮಾಡುತ್ತಿರುವ ತಂತ್ರಜ್ಞ ಯಾವ ಕಡೆ ಹೊರಟರೂ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ನಡೆಯಬೇಕು. ಸೈಕಲ್ ಇದ್ದರೆ ಬೇಗ. ನಡೆದರೆ ಇಪ್ಪತ್ತು ನಿಮಿಷದ ಮೇಲೆ.

ಯುರೋಪಿನ ಮುಖ್ಯ ಹೆದ್ದಾರಿಗಳ ಹೊಸ ಸುರಂಗಗಳಿಗೆ 2004ರಲ್ಲಿ ಬಂದ ನಿಯಮ ಬೇರೆಯೇ ಹೇಳುತ್ತದೆ. ತುರ್ತು ನಿರ್ಗಮನ ಬೇಕಾದ ಕಡೆ ಎರಡು ಬಾಗಿಲುಗಳ ನಡುವೆ 500 ಮೀಟರ್ ಮೀರಬಾರದು. ಹಾಗಾದರೆ ಭೌತವಿಜ್ಞಾನಿಗಳ ಸುರಂಗಕ್ಕೆ ಈ ರಿಯಾಯಿತಿ ಯಾಕೆ? ಅಲ್ಲಿ ಪೆಟ್ರೋಲ್ ತುಂಬಿದ ವಾಹನಗಳಿಲ್ಲ, ತರಬೇತಿ ಇಲ್ಲದವರು ಕಾಲಿಡುವಂತಿಲ್ಲ, ಒಳಗೆ ಹೋದವರ ಲೆಕ್ಕ ಇರುತ್ತದೆ. ಈ ಉತ್ತರ ಸರಿಯೇ. ಆದರೆ ಅದು ಅರ್ಧ ಉತ್ತರ. ಉಳಿದರ್ಧ ಇತಿಹಾಸದಲ್ಲಿದೆ. ಬಾಗಿಲುಗಳ ಜಾಗ ಒಂದು ಯಂತ್ರದ ಕಾಲದಲ್ಲಿ ನಿಗದಿಯಾಯಿತು, ಅಪಾಯ ಇನ್ನೊಂದು ಯಂತ್ರದ ಜೊತೆ ಬಂತು.

ಶುರುವಿನಲ್ಲಿ ಎಲ್ಲರ ತಲೆಯಲ್ಲಿದ್ದ ಚಿಂತೆ ಒಳಗಿದ್ದವರು ಹೊರಬರುವುದಾಗಿರಲಿಲ್ಲ. ಹೊರಗಿದ್ದವರು ಒಳಗೆ ಹೋಗದಂತೆ ತಡೆಯುವುದಾಗಿತ್ತು. ಕಣಗಳ ಧಾರೆ ಓಡುವಾಗ ಸುರಂಗದಲ್ಲಿ ಮನುಷ್ಯರು ಇರಲೇಬಾರದು. ಅದಕ್ಕಾಗಿ ಬೀಗ, ಎಚ್ಚರಿಕೆ ದೀಪ, ಕೀಲಿ ಕೈ ವ್ಯವಸ್ಥೆ ಬಂದವು. ಒಳಗೆ ಹೋಗುವ ಪ್ರತಿಯೊಬ್ಬರೂ ಒಂದೊಂದು ಕೀಲಿ ತೆಗೆದುಕೊಳ್ಳುತ್ತಾರೆ. ಎಲ್ಲ ಕೀಲಿಗಳೂ ತಮ್ಮ ಜಾಗಕ್ಕೆ ಮರಳುವ ತನಕ ಯಂತ್ರ ಚಾಲೂ ಆಗುವುದೇ ಇಲ್ಲ. ನಿಮ್ಮ ಜೇಬಿನಲ್ಲಿರುವ ಕೀಲಿಯೇ ನಿಮ್ಮ ಜೀವಕ್ಕೆ ಜಾಮೀನು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಉಪಾಯ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇಂಥ ತಡೆ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1978ರ ಜುಲೈ 13 ಸಾಕ್ಷಿ. ಸೋವಿಯತ್ ಒಕ್ಕೂಟದ ಪ್ರೊತ್ವಿನೊದಲ್ಲಿದ್ದ ಯು-70 ವೇಗವರ್ಧಕದಲ್ಲಿ ಕೆಟ್ಟ ಉಪಕರಣವೊಂದನ್ನು ನೋಡಲು ಅನತೋಲಿ ಬುಗೋರ್ಸ್ಕಿ ಬಗ್ಗಿದ್ದರು. ಸುರಕ್ಷತಾ ವ್ಯವಸ್ಥೆ ಕೆಲಸ ಮಾಡಿರಲಿಲ್ಲ. ಪ್ರೋಟಾನ್ ಧಾರೆ ಅವರ ತಲೆಯನ್ನೇ ಹಾದುಹೋಯಿತು. ಅವರು ಬದುಕಿದರು. ಆದರೆ ಮುಖದ ಒಂದು ಭಾಗದ ಚಲನೆ ಮತ್ತು ಒಂದು ಕಿವಿಯ ಶ್ರವಣ ಹೋಯಿತು.

ಬಾಗಿಲಿನ ಮೇಲೆ ಎರಡು ತದ್ವಿರುದ್ಧ ಬೇಡಿಕೆಗಳು ಬೀಳುವುದು ಇಲ್ಲೇ. ಹೊರಗಿನಿಂದ ಅದು ತೆರೆಯಬಾರದು. ಒಳಗಿನಿಂದ ಯಾವಾಗ ಬೇಕಾದರೂ, ಯಾರು ಬೇಕಾದರೂ, ಕೀಲಿ ಇಲ್ಲದೆ ತೆರೆಯುವಂತಿರಬೇಕು. ಈಗಿನ ವೇಗವರ್ಧಕಗಳಲ್ಲಿ ಇದಕ್ಕೆ ಕಂಡುಕೊಂಡ ದಾರಿ ಒಂದೇ: ಒಳಗಿನಿಂದ ತುರ್ತು ಬಾಗಿಲು ತಳ್ಳಿದ ಕೂಡಲೇ ಧಾರೆ ತಾನಾಗಿ ನಿಲ್ಲುತ್ತದೆ. ಎಷ್ಟು ದುಬಾರಿ ಪ್ರಯೋಗ ನಡೆಯುತ್ತಿದ್ದರೂ ಸರಿ, ಬಾಗಿಲು ತಳ್ಳಿದವನ ಮಾತೇ ಕೊನೆ.

ವಿಕಿರಣದ ಜೊತೆಗೆ ಎರಡನೇ ಭಯವೂ ಹುಟ್ಟಿಕೊಂಡಿತು. 1965ರ ಜುಲೈ 5ರಂದು ಅಮೆರಿಕದ ಕೇಂಬ್ರಿಜ್ ಎಲೆಕ್ಟ್ರಾನ್ ವೇಗವರ್ಧಕದಲ್ಲಿ ಕಣಗಳ ಜಾಡು ತೋರಿಸುವ ಬಬಲ್ ಚೇಂಬರ್ ಎಂಬ ತೊಟ್ಟಿಗೆ ದ್ರವ ಹೈಡ್ರೋಜನ್ ತುಂಬಿಸುವಾಗ ಸ್ಫೋಟವಾಯಿತು. ಒಬ್ಬರು ಸತ್ತರು, ಹಲವರು ಗಾಯಗೊಂಡರು. ಅಲ್ಲಿ ಧಾರೆಯದು ತಪ್ಪಲ್ಲ. ಪ್ರಯೋಗಕ್ಕೆಂದು ತಂದಿಟ್ಟ ಸಾಮಗ್ರಿಯೇ ಅಪಾಯವಾಗಿತ್ತು. ಇಂಥ ಕಡೆ ಕೀಲಿ ಕೈ ವ್ಯವಸ್ಥೆ ಏನೂ ಮಾಡಲಾರದು, ಯಾಕಂದರೆ ಚೇಂಬರ್ ತುಂಬಿಸಲು ಜನ ಅಲ್ಲಿ ಇರಲೇಬೇಕು. ಇದ್ದವರು ಹೊರಬರುವ ದಾರಿ ಮುಖ್ಯವಾಗುವುದು ಆಗ.

ಸರ್ನ್‌ನ ಉಂಗುರವನ್ನು ಕೊರೆದದ್ದು 1985ರಿಂದ 1988ರ ನಡುವೆ, ಎಲೆಕ್ಟ್ರಾನ್‌ಗಳನ್ನು ಓಡಿಸುವ ಲೆಪ್ ಎಂಬ ಯಂತ್ರಕ್ಕಾಗಿ. ಲೆಪ್‌ನ ಕಣಗಳ ದಾರಿ ಬಾಗಿಸುವ ಅಯಸ್ಕಾಂತಗಳು ಸಾಮಾನ್ಯ ತಾಪಮಾನದವು. ಬೆಂಕಿ, ವಿದ್ಯುತ್, ವಿಕಿರಣ ಇದ್ದವು, ಆದರೆ ಉಸಿರುಗಟ್ಟಿಸುವ ಅನಿಲ ಉಂಗುರದ ಉದ್ದಕ್ಕೂ ಹರಿಯುತ್ತಿರಲಿಲ್ಲ. ಲೆಪ್ 2000ದಲ್ಲಿ ನಿಂತಿತು. ಅದೇ ಸುರಂಗಕ್ಕೆ ಪ್ರೋಟಾನ್‌ಗಳನ್ನು ಓಡಿಸುವ ಎಲ್‌ಎಚ್‌ಸಿ ಯಂತ್ರ ಬಂತು. ಅದರ ಅಯಸ್ಕಾಂತಗಳು ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರಬೇಕು. ಹಾಗೆ ತಣ್ಣಗಿಡಲು ಬೇಕಾದ ಹೀಲಿಯಂ 120 ಟನ್‌ಗೂ ಹೆಚ್ಚು. ಒಂದು ಲೀಟರ್ ದ್ರವ ಹೀಲಿಯಂ ಬೆಚ್ಚಗಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಸುರಂಗದ ಅಗಲವೋ, ಹೆಚ್ಚಿನ ಕಡೆ ನಾಲ್ಕು ಮೀಟರ್ ಕೂಡ ಇಲ್ಲ. ಹೀಲಿಯಂಗೆ ವಿಷವಿಲ್ಲ, ವಾಸನೆಯೂ ಇಲ್ಲ. ಅದು ಸುಮ್ನೆ ಆಮ್ಲಜನಕದ ಜಾಗ ಹಿಡಿಯುತ್ತದೆ, ಅಷ್ಟೇ. ಆಮ್ಲಜನಕ ತೀರಾ ಕಡಿಮೆಯಾದರೆ ಮನುಷ್ಯನಿಗೆ ಸುಳಿವೂ ಸಿಗದೆ ಪ್ರಜ್ಞೆ ತಪ್ಪುತ್ತದೆ.

ಹೊಸ ಅಪಾಯ ಬಂದರೂ ಬಾಗಿಲುಗಳು ಹಳೆಯ ಜಾಗದಲ್ಲೇ ಉಳಿದವು. ನೂರು ಮೀಟರ್ ಬಂಡೆಯ ಕೆಳಗೆ ಹೊಸ ನಿರ್ಗಮನ ತೆರೆಯುವುದು ಗೋಡೆ ಒಡೆದು ಬಾಗಿಲು ಇಟ್ಟಂತಲ್ಲ. ಹಾಗಾಗಿ ದೂರವನ್ನು ಕಡಿಮೆ ಮಾಡುವ ಬದಲು ಆ ದೂರ ಕ್ರಮಿಸುವ ತನಕ ಜೀವ ಉಳಿಸುವ ಏರ್ಪಾಡು ಮಾಡಬೇಕಾಯಿತು. ಸುರಂಗಕ್ಕೆ ಇಳಿಯುವವರ ಹತ್ತಿರ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ಇರುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಶೇಕಡ 21ರಷ್ಟಿರುವ ಆಮ್ಲಜನಕ 18ಕ್ಕೆ ಇಳಿದರೆ ಅದು ಕೂಗಿಕೊಳ್ಳುತ್ತದೆ. ಸ್ವರಕ್ಷಣಾ ಮುಖವಾಡವನ್ನೂ ಒಯ್ಯಬೇಕು, ಅದನ್ನು ಹಾಕಿಕೊಳ್ಳುವ ತರಬೇತಿ ಮುಗಿಸದೆ ಇಳಿಯುವಂತಿಲ್ಲ. ಹೀಲಿಯಂ ಹಗುರವಾದ್ದರಿಂದ ಚಾವಣಿಯ ಕಡೆ ಏರುತ್ತದೆ, ಅದಕ್ಕೇ ಬಗ್ಗಿ ನಡೆಯಲು ಹೇಳಿಕೊಡುತ್ತಾರೆ.

ಇನ್ನೊಂದು ವಿಷಯ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬೇಡಿ ಅಂತ ನಾವೆಲ್ಲ ಕಲಿತಿದ್ದೇವೆ, ಅಲ್ವಾ? ಇಲ್ಲಿ ಲಿಫ್ಟೇ ಪಾರಾಗುವ ದಾರಿ. ಲಿಫ್ಟ್ ಮತ್ತು ಮೆಟ್ಟಿಲು ಇರುವ ಕೊಳವೆಯೊಳಗೆ ಗಾಳಿಯ ಒತ್ತಡವನ್ನು ಹೊರಗಿಗಿಂತ ಜಾಸ್ತಿ ಇಟ್ಟಿರುತ್ತಾರೆ. ಬಾಗಿಲು ತೆಗೆದರೂ ಹೊಗೆ ಅಥವಾ ಹೀಲಿಯಂ ಒಳಗೆ ನುಗ್ಗುವುದಿಲ್ಲ, ಒಳಗಿನ ಗಾಳಿಯೇ ಹೊರಗೆ ತಳ್ಳುತ್ತದೆ. ಅಲ್ಲಿಗೆ ತಲುಪಿದವರು ಸುರಕ್ಷಿತ ಜಾಗಕ್ಕೆ ಬಂದಂತೆ ಲೆಕ್ಕ.

ಆಶ್ರಯದ ಕೋಣೆ ಮತ್ತು ನಿರ್ಗಮನ ಒಂದೇ ಅಲ್ಲ ಅನ್ನುವ ಪಾಠ ಬಂದದ್ದು ಜಿನೀವಾಕ್ಕೆ ಹೆಚ್ಚು ದೂರವಲ್ಲದ ಮೋಂ ಬ್ಲಾಂ ರಸ್ತೆ ಸುರಂಗದಿಂದ. 1999ರ ಮಾರ್ಚ್ 24ರಂದು ಅಲ್ಲಿ ಲಾರಿಯೊಂದಕ್ಕೆ ಬೆಂಕಿ ಹತ್ತಿ 39 ಜನ ಸತ್ತರು. ಬೆಂಕಿ ದಿನಗಟ್ಟಲೆ ಉರಿಯಿತು. ಆಶ್ರಯದ ಕೋಣೆಗಳಿದ್ದವು, ಆದರೆ ಅಷ್ಟು ಹೊತ್ತು ಕಾಯುವ ಶಕ್ತಿ ಅವಕ್ಕಿರಲಿಲ್ಲ. ಹೊರಗೆ ದಾರಿ ಇಲ್ಲದ ಆಶ್ರಯ ಕಟ್ಟಲೇಬಾರದು ಅಂತ 2004ರ ಯುರೋಪಿನ ನಿಯಮ ಸ್ಪಷ್ಟವಾಗಿ ಹೇಳಿದ್ದು ಅದಾದ ಮೇಲೆಯೇ.

ಎಲ್‌ಎಚ್‌ಸಿಯ ನಿಜವಾದ ಪರೀಕ್ಷೆ ನಡೆದದ್ದು 2008ರ ಸೆಪ್ಟೆಂಬರ್ 19ರಂದು, ಮೊದಲ ಧಾರೆ ಓಡಿ ಒಂಬತ್ತೇ ದಿನಕ್ಕೆ. ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆಯೊಂದು ಕೆಟ್ಟಿತು. ಕಿಡಿ ಹಾರಿ ಹೀಲಿಯಂ ಕೊಳವೆ ತೂತಾಯಿತು. ಸುಮಾರು ಆರು ಟನ್ ಹೀಲಿಯಂ ಹೋಯಿತು. ಒತ್ತಡ ಎಷ್ಟಿತ್ತೆಂದರೆ ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳು ಕಾಂಕ್ರೀಟ್ ನೆಲಕ್ಕೆ ಬಿಗಿದಿದ್ದ ಹಿಡಿತ ಕಿತ್ತುಕೊಂಡು ಪಕ್ಕಕ್ಕೆ ಸರಿದವು. ಐವತ್ತಕ್ಕೂ ಹೆಚ್ಚು ಅಯಸ್ಕಾಂತಗಳನ್ನು ಮೇಲೆ ತಂದು ಸರಿಪಡಿಸಬೇಕಾಯಿತು ಅಥವಾ ಬದಲಿಸಬೇಕಾಯಿತು. ಯಂತ್ರ ಮತ್ತೆ ಶುರುವಾದದ್ದು 2009ರ ನವೆಂಬರ್‌ನಲ್ಲಿ.

ಯಾರಿಗೂ ಏನೂ ಆಗಲಿಲ್ಲ. ಅಯಸ್ಕಾಂತಗಳಿಗೆ ವಿದ್ಯುತ್ ಹರಿಸಿ ನೋಡುತ್ತಿದ್ದ ಆ ಹೊತ್ತಿಗೆ ಆ ಭಾಗಕ್ಕೆ ಪ್ರವೇಶ ನಿಷೇಧವಿತ್ತು, ಒಳಗೆ ಯಾರೂ ಇರಲಿಲ್ಲ. ಇದನ್ನು ಅದೃಷ್ಟ ಅಂದರೆ ನಾನು ಒಪ್ಪುವುದಿಲ್ಲ. ಯಾರೋ ಒಬ್ಬರು ಹೊಣೆ ಹೊತ್ತು ಬಾಗಿಲು ಮುಚ್ಚಿಸಿದ್ದರ ಫಲ ಅದು. ಆದರೆ ಒಂದು ಲೆಕ್ಕ ಮಾತ್ರ ತಲೆಕೆಳಗಾಗಿತ್ತು. ಅತಿ ಕೆಟ್ಟ ಸಂದರ್ಭದಲ್ಲಿ ಸೆಕೆಂಡಿಗೆ ಎರಡು ಕಿಲೋ ಹೀಲಿಯಂ ಹೊರಬರಬಹುದು ಎಂದುಕೊಂಡು ಒತ್ತಡ ಇಳಿಸುವ ಕವಾಟಗಳನ್ನು ಮಾಡಿದ್ದರು. ಬಂದದ್ದು ಅದರ ಸುಮಾರು ಹತ್ತು ಪಟ್ಟು. ಸುರಂಗದಲ್ಲಿರುವ ಜನರ ಸುರಕ್ಷತೆಯನ್ನು ಹೊಸದಾಗಿ ನೋಡಲು ಸರ್ನ್ ಒಂದು ಕಾರ್ಯಪಡೆ ನೇಮಿಸಿತು. ಕವಾಟಗಳು ದೊಡ್ಡವಾದವು. ಅಯಸ್ಕಾಂತಗಳಿಗೆ ಹೆಚ್ಚಿನ ವಿದ್ಯುತ್ ಹರಿಯುವಾಗ ಸುರಂಗದಲ್ಲಿ ಯಾರೂ ಇರಬಾರದು ಅನ್ನುವ ನಿಯಮ ಗಟ್ಟಿಯಾಯಿತು. ಹೀಲಿಯಂ ಪಕ್ಕದ ಗುಹೆಗಳಿಗೆ ಮತ್ತು ಮೇಲೇರುವ ಕೊಳವೆಗಳಿಗೆ ಹರಿಯದಂತೆ ತಡೆಗಳು ಬಂದವು.

ಹೊಣೆ ಯಾರದು ಅನ್ನುವ ಪ್ರಶ್ನೆ ಸರ್ನ್‌ನಲ್ಲಿ ಇನ್ನೂ ಕಗ್ಗಂಟು. ಅದು ಅಂತರರಾಷ್ಟ್ರೀಯ ಸಂಸ್ಥೆ. ಉಂಗುರದ ಹೆಚ್ಚಿನ ಭಾಗ ಫ್ರಾನ್ಸ್‌ನ ಕೆಳಗಿದೆ, ಉಳಿದದ್ದು ಸ್ವಿಟ್ಜರ್ಲೆಂಡ್ ಕೆಳಗೆ. ಯಾವ ಒಂದು ದೇಶದ ಇನ್ಸ್‌ಪೆಕ್ಟರ್ ಕೂಡ ನೇರವಾಗಿ ಬಂದು ಬಾಗಿಲು ಪರೀಕ್ಷಿಸುವಂತಿಲ್ಲ. ಹಾಗಾಗಿ ಸುರಕ್ಷತಾ ನಿಯಮಗಳನ್ನು ಸರ್ನ್ ತಾನೇ ಬರೆದುಕೊಳ್ಳುತ್ತದೆ, ತನ್ನದೇ ಅಗ್ನಿಶಾಮಕ ದಳ ಇಟ್ಟುಕೊಂಡಿದೆ. ವಿಕಿರಣ ಸುರಕ್ಷತೆಯ ಬಗ್ಗೆ ಎರಡೂ ದೇಶಗಳ ಜೊತೆ ಸೇರಿ ಒಂದೇ ತ್ರಿಪಕ್ಷೀಯ ಒಪ್ಪಂದ ಆದದ್ದು 2010ರ ನವೆಂಬರ್‌ನಲ್ಲಿ. ಒಳಗೆ ಹೊಣೆ ಮಹಾನಿರ್ದೇಶಕರಿಂದ ಶುರುವಾಗಿ ವಿಭಾಗ, ಗುಂಪು ಹೀಗೆ ಮೆಟ್ಟಿಲಿಳಿಯುತ್ತದೆ. ಪ್ರತಿ ಕಟ್ಟಡಕ್ಕೂ ಒಬ್ಬ ಪ್ರಾದೇಶಿಕ ಸುರಕ್ಷತಾಧಿಕಾರಿ ಇರುತ್ತಾರೆ. ನಿರ್ಗಮನದ ಮುಂದೆ ಪೆಟ್ಟಿಗೆ ಪೇರಿಸಿದ್ದಾರಾ, ದೀಪ ಉರಿಯುತ್ತಿದೆಯಾ ಅಂತ ನೋಡುವವರು ಅವರು. ದೊಡ್ಡ ಪ್ರಯೋಗಗಳಲ್ಲಿ ಒಟ್ಟು ಸುರಕ್ಷತೆ ನೋಡಿಕೊಳ್ಳಲು ಗ್ಲಿಮಾಸ್ (ಸುರಕ್ಷತಾ ವಿಷಯಗಳ ಗುಂಪು ನಾಯಕ) ಎಂಬ ಹುದ್ದೆ ಇದೆ. ಇದು ಯಾಕೆ ಬೇಕೆಂದರೆ, ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸರ್ನ್ ನೌಕರರೇ ಅಲ್ಲ. ನಾನಾ ದೇಶಗಳ ವಿಶ್ವವಿದ್ಯಾಲಯಗಳಿಂದ ಬಂದು ಹೋಗುವವರು.

ಬಂದು ಹೋಗುವವರ ವಿಷಯದಲ್ಲೇ ಹೊಣೆ ಜಾರುವುದು ಜಾಸ್ತಿ. 2004ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಗುತ್ತಿಗೆ ಎಲೆಕ್ಟ್ರಿಷಿಯನ್ ಒಬ್ಬರು 480 ವೋಲ್ಟ್ ವಿದ್ಯುತ್ ಹರಿಯುತ್ತಿದ್ದ ಫಲಕದಲ್ಲೇ ಕೆಲಸ ಮಾಡುವಾಗ ಭೀಕರವಾಗಿ ಸುಟ್ಟುಕೊಂಡರು. ಅಲ್ಲಿನ ವೇಗವರ್ಧಕಗಳು ತಿಂಗಳುಗಟ್ಟಲೆ ನಿಂತವು. 2013ರ ಮೇ 23ರಂದು ಜಪಾನಿನ ಜೆ-ಪಾರ್ಕ್ ವೇಗವರ್ಧಕ ಕೇಂದ್ರದಲ್ಲಿ ಧಾರೆ ಬಡಿಯುವ ಚಿನ್ನದ ಗುರಿಫಲಕ ಅತಿಯಾಗಿ ಕಾದು ವಿಕಿರಣಶೀಲ ವಸ್ತು ಸೋರಿತು. ಒಳಗಿದ್ದವರು ಫ್ಯಾನ್ ಹಾಕಿ ಅದನ್ನು ಹೊರಗೆ ಬಿಟ್ಟರು, ಅಧಿಕಾರಿಗಳಿಗೆ ಸುದ್ದಿ ಹೋದದ್ದು ಮರುದಿನ. 34 ಜನರಿಗೆ ವಿಕಿರಣ ತಗುಲಿತ್ತು. ಪ್ರಮಾಣ ಕಡಿಮೆಯೇ. ಆದರೆ ಎಲ್ಲರೂ ಹೊರಗೆ ಹೋಗಿ ಅಂತ ಹೇಳುವ ಅಧಿಕಾರ ಯಾರಿಗಿದೆ ಅನ್ನುವುದು ಆ ಗಳಿಗೆಯಲ್ಲಿ ಸ್ಪಷ್ಟವಿರಬೇಕಾಗಿತ್ತು. ಬಾಗಿಲು ಹತ್ತಿರವೇ ಇದ್ದರೂ ಆ ಮಾತು ಹೇಳುವವರಿಲ್ಲದಿದ್ದರೆ ಪ್ರಯೋಜನವಿಲ್ಲ.

ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯದ ಕಥೆ ಇನ್ನೊಂದು ಬಗೆ. ಸುಮಾರು 1,400 ಮೀಟರ್ ಬಂಡೆಯ ಕೆಳಗಿರುವ ಅದರ ಬಾಗಿಲು ತೆರೆಯುವುದು ಹತ್ತು ಕಿಲೋಮೀಟರ್ ಉದ್ದದ ಹೆದ್ದಾರಿ ಸುರಂಗದ ಒಳಕ್ಕೆ. ಪ್ರಯೋಗಾಲಯದ ಸುರಕ್ಷತೆ ರಸ್ತೆಯ ಸುರಕ್ಷತೆಗೆ ಗಂಟುಬಿದ್ದಿದೆ, ಜೊತೆಗೆ ಆ ಬೆಟ್ಟದಿಂದಲೇ ಊರುಗಳಿಗೆ ಕುಡಿಯುವ ನೀರು ಹೋಗುತ್ತದೆ. 2002ರ ಆಗಸ್ಟ್‌ನಲ್ಲಿ ನ್ಯೂಟ್ರಿನೊ ಎಂಬ ಕಣಗಳನ್ನು ಹುಡುಕುವ ಬೊರೆಕ್ಸಿನೊ ಪ್ರಯೋಗದಿಂದ ಸುಮಾರು 50 ಲೀಟರ್ ರಾಸಾಯನಿಕ ಸೋರಿದಾಗ ಕೆಲಸಕ್ಕೆ ದೀರ್ಘಕಾಲ ತಡೆ ಬಿತ್ತು. ಸರಕಾರ ವಿಶೇಷ ಆಯುಕ್ತರನ್ನೇ ನೇಮಿಸಬೇಕಾಯಿತು.

ಈಗ ಸರ್ನ್ ಮುಂದೆ 90.7 ಕಿಲೋಮೀಟರ್‌ನ ಹೊಸ ಉಂಗುರದ ಪ್ರಸ್ತಾವವಿದೆ. ಅದರ ಕಾರ್ಯಸಾಧ್ಯತಾ ವರದಿ 2025ರ ಮಾರ್ಚ್‌ನಲ್ಲಿ ಹೊರಬಂತು. ಸರಾಸರಿ ಆಳ ಸುಮಾರು 200 ಮೀಟರ್. ಮೇಲಿನ ತಾಣಗಳು ಈಗಲೂ ಎಂಟೇ, ಅಂದರೆ ಒಂದರಿಂದ ಇನ್ನೊಂದಕ್ಕೆ ಹನ್ನೊಂದು ಕಿಲೋಮೀಟರ್‌ಗೂ ಹೆಚ್ಚು. ಅಷ್ಟು ದೂರ ಹೊಗೆಯಲ್ಲಿ ನಡೆಯಲು ಯಾರಿಂದಲೂ ಆಗದು. ಅದಕ್ಕೇ ಸುರಂಗವನ್ನು ಬೆಂಕಿ ತಡೆಯುವ ಬಾಗಿಲುಗಳಿಂದ ಕೆಲವು ನೂರು ಮೀಟರ್‌ಗಳ ಭಾಗಗಳಾಗಿ ಒಡೆದು, ಹೊಗೆ ಎಳೆಯುವ ಪ್ರತ್ಯೇಕ ನಾಳ ಇಡುವ ಯೋಜನೆ ಮಾಡಿದ್ದಾರೆ. ಪಕ್ಕದ ಭಾಗಕ್ಕೆ ದಾಟಿದರೆ ಸಾಕು, ಮೊದಲ ಗಂಡಾಂತರ ಕಳೆದಂತೆ. ಆ ಉಂಗುರ ಕಟ್ಟಬೇಕೋ ಬೇಡವೋ ಅಂತ ಸದಸ್ಯ ದೇಶಗಳು 2028ರ ಸುಮಾರಿಗೆ ತೀರ್ಮಾನಿಸುವ ನಿರೀಕ್ಷೆ ಇದೆ. ಅಲ್ಲಿ ಮೊದಲು ಓಡುವ ಯಂತ್ರ ಎಲೆಕ್ಟ್ರಾನ್‌ಗಳದ್ದು. ಹೀಲಿಯಂನಲ್ಲಿ ಮುಳುಗಿದ ಪ್ರೋಟಾನ್ ಯಂತ್ರ ಬರುವುದು ದಶಕಗಳ ನಂತರ, ಅದೇ ಸುರಂಗಕ್ಕೆ. ಹಾಗಾಗಿ ಬಾಗಿಲುಗಳ ಲೆಕ್ಕವನ್ನು ಎರಡನೇ ಯಂತ್ರಕ್ಕೂ ಸೇರಿಸಿ, ಬಂಡೆ ಕೊರೆಯುವ ಮುಂಚೆಯೇ ಹಾಕಬೇಕಾಗಿದೆ.